ಸಿನಿಮಾ ಮೊದಲು, ಧಾರಾವಾಹಿ ಆಮೇಲೆ

‘ಎಡ್ಜ್ ಆಫ್ ಡಾರ್ಕ್‌ನೆಸ್’ ಸಿನಿಮಾದ ಬ್ಲೂ-ರೇ ಕೈಗೆ ಬಂದಿದೆ, ಅದರ ಮೂಲವಾದ ಬಿಬಿಸಿ ಧಾರಾವಾಹಿಯನ್ನು ಎಲ್ಲರೂ ಹೊಗಳುತ್ತಾರೆ, ಯಾವುದನ್ನು ಮೊದಲು ನೋಡಲಿ, ಧಾರಾವಾಹಿಯ ಡಿವಿಡಿಗೆ ಬೇರೆ ದುಡ್ಡು ಹಾಕಬೇಕೇ ಎಂದು ಕೇಳಿದ್ದೀರಿ.

ಸಿನಿಮಾವನ್ನೇ ಮೊದಲು ನೋಡಿ. ನಾನು ತಿರುಗಾಮುರುಗಾ ಮಾಡಿ ಕೆಟ್ಟೆ. ಧಾರಾವಾಹಿಯ ಆರೂ ಕಂತುಗಳನ್ನು ಎರಡು ರಾತ್ರಿಗಳಲ್ಲಿ ಮುಗಿಸಿ, ಅದರ ಗುಂಗು ಇಳಿಯುವ ಮೊದಲೇ ಮೂರನೆಯ ರಾತ್ರಿ ಸಿನಿಮಾ ಹಾಕಿದೆ. ಅರ್ಧ ಗಂಟೆಯಲ್ಲಿ ನಾನು ಪ್ರೇಕ್ಷಕನಾಗಿ ಉಳಿದಿರಲಿಲ್ಲ, ಕೆಂಪು ಶಾಯಿಯ ಪೆನ್ನು ಹಿಡಿದ ಮೇಷ್ಟರಾಗಿದ್ದೆ. ಇದು ಇಲ್ಲ, ಅದು ಕಾಣೆ, ಇವನು ಹೀಗಿರಲಿಲ್ಲ. ಒಂದು ವರ್ಷ ಬಿಟ್ಟು ಅದೇ ಡಿಸ್ಕನ್ನು ಮತ್ತೆ ಹಾಕಿದಾಗ ಸಿನಿಮಾ ಅಷ್ಟೇನೂ ಕೆಟ್ಟದ್ದಲ್ಲ ಎನ್ನಿಸಿತು. ಒಂದು ಸಂಜೆಗೆ ಮೋಸವಿಲ್ಲದ ಥ್ರಿಲ್ಲರ್.

ಎರಡರಲ್ಲೂ ಕಥೆಯ ಬೇರು ಒಂದೇ. ಕ್ರೇವನ್ ಎಂಬ ಪೊಲೀಸ್ ಅಧಿಕಾರಿಯ ಮಗಳು ಎಮ್ಮಾ ಅವನ ಕಣ್ಣೆದುರಿಗೇ ಗುಂಡೇಟಿಗೆ ಸಾಯುತ್ತಾಳೆ. ಗುರಿ ಇಟ್ಟದ್ದು ಅಪ್ಪನಿಗೆ ಎಂದು ಎಲ್ಲರೂ ಭಾವಿಸುತ್ತಾರೆ. ಅವನು ಹುಡುಕುತ್ತಾ ಹೋದ ಹಾಗೆ ನಾರ್ತ್‌ಮೂರ್ ಎಂಬ ಪರಮಾಣು ಸ್ಥಾವರದ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಟ್ರಾಯ್ ಕೆನೆಡಿ ಮಾರ್ಟಿನ್ ಬರೆದ ಧಾರಾವಾಹಿ 1985ರ ನವೆಂಬರ್ 4ರಂದು ಬಿಬಿಸಿ ಎರಡನೆಯ ಚಾನೆಲ್‌ನಲ್ಲಿ ಆರಂಭವಾಯಿತು. ಕೊನೆಯ ಕಂತು ಮುಗಿದು ಎರಡು ವಾರವೂ ಆಗಿರಲಿಲ್ಲ, ಒಂದನೆಯ ಚಾನೆಲ್ ಅದನ್ನು ಮೂರು ರಾತ್ರಿಗಳಲ್ಲಿ ಪೂರ್ತಿ ಮರುಪ್ರಸಾರ ಮಾಡಿತು. ಆಮೇಲೆ ಬ್ರಿಟನ್ನಿನ ಸಿನಿಮಾ-ಟಿವಿ ಪ್ರಶಸ್ತಿಗಳಾದ ಬಾಫ್ಟಾ ಆರು ಬಂದವು. ಕ್ರೇವನ್ ಆಗಿದ್ದವರು ಬಾಬ್ ಪೆಕ್. ಹೆಸರು ಹೊಳೆಯದಿದ್ದರೆ ‘ಜುರಾಸಿಕ್ ಪಾರ್ಕ್’ನಲ್ಲಿ ಟೋಪಿ ಹಾಕಿಕೊಂಡು ಬಂದೂಕು ಹಿಡಿದು ಡೈನೋಸಾರ್‌ಗಳ ಬೆನ್ನು ಹತ್ತುವ ಆ ಕಾವಲುಗಾರನನ್ನು ನೆನಪಿಸಿಕೊಳ್ಳಿ, ಅವರೇ.

ಸೋಜಿಗವೆಂದರೆ 2010ರ ಸಿನಿಮಾವನ್ನು ನಿರ್ದೇಶಿಸಿದವರೂ ಧಾರಾವಾಹಿಯ ನಿರ್ದೇಶಕರಾದ ಮಾರ್ಟಿನ್ ಕ್ಯಾಂಪ್‌ಬೆಲ್. ನಡುವಿನ ವರ್ಷಗಳಲ್ಲಿ ಅವರು ‘ಗೋಲ್ಡನ್ ಐ’, ‘ಕ್ಯಾಸಿನೊ ರಾಯಲ್’ ಎಂಬ ಎರಡು ಬಾಂಡ್ ಚಿತ್ರಗಳನ್ನು ಮಾಡಿದ್ದರು. ಆದ್ದರಿಂದ ಮೂಲದ ಬೆಲೆ ತಿಳಿಯದ ಯಾರೋ ಬಂದು ಕೆಡಿಸಿದರು ಎಂದು ದೂರುವ ಸುಖವೂ ನಮಗಿಲ್ಲ. ಅದೇ ಕೈ, ಅದೇ ಕಥೆ. ಆದರೆ ಐದು ಗಂಟೆಯ ಜಾಗದಲ್ಲಿ 117 ನಿಮಿಷ, ಯಾರ್ಕ್‌ಷೈರ್‌ನ ಜಾಗದಲ್ಲಿ ಬಾಸ್ಟನ್, ಬಾಬ್ ಪೆಕ್ ಜಾಗದಲ್ಲಿ ಮೆಲ್ ಗಿಬ್ಸನ್.

ಕತ್ತರಿ ಎಲ್ಲಿ ಬಿತ್ತು ಎಂದು ತಿಳಿಯಲು ಧಾರಾವಾಹಿಯ ಮೊದಲ ಕಂತಿನ ಒಂದು ದೃಶ್ಯ ಸಾಕು. ಮಗಳು ಸತ್ತ ಮೇಲೆ ಕ್ರೇವನ್ ಅವಳ ಕೋಣೆಗೆ ಹೋಗುತ್ತಾನೆ. ವಿಲ್ಲಿ ನೆಲ್ಸನ್ ಹಾಡು ನುಡಿಯುತ್ತಿದೆ. ಅವನು ಅವಳ ಸಾಮಾನುಗಳನ್ನು ಒಂದೊಂದಾಗಿ ಮುಟ್ಟುತ್ತಾನೆ. ಮಗಳ ಡ್ರಾಯರ್‌ನಲ್ಲಿ ಅಪ್ಪನ ಕಣ್ಣಿಗೆ ಬೀಳಬಾರದ ಖಾಸಗಿ ವಸ್ತುವೊಂದು ಸಿಗುತ್ತದೆ. ಅದಕ್ಕೂ ಮುತ್ತಿಟ್ಟು ಕೆಳಗಿಡುತ್ತಾನೆ. ನನಗೆ ಮುಜುಗರವಾಗುತ್ತದೆ ಎಂದುಕೊಂಡಿದ್ದೆ, ಗಂಟಲು ಕಟ್ಟಿತು. ಆಮೇಲೆ ಪಿಸ್ತೂಲು ಸಿಗುತ್ತದೆ, ವಿಕಿರಣ ಅಳೆಯುವ ಗೈಗರ್ ಕೌಂಟರ್ ಸಿಗುತ್ತದೆ. ಕರಡಿ ಬೊಂಬೆಯೂ ಪಿಸ್ತೂಲೂ ಒಂದೇ ಹುಡುಗಿಯವು. ಇಡೀ ಹೊತ್ತು ಮಾತಿಲ್ಲ, ಕ್ಯಾಮೆರಾಕ್ಕೂ ಅವಸರವಿಲ್ಲ. ಶೋಕದಲ್ಲಿದ್ದವನು ಯಾವ ಗಳಿಗೆಯಲ್ಲಿ ತನಿಖೆಗೆ ಇಳಿದ ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ.

ಸಿನಿಮಾದಲ್ಲಿ ದುಃಖ ಇಲ್ಲವೆಂದಲ್ಲ. ಪುಟ್ಟ ಎಮ್ಮಾ ಅಪ್ಪನ ಜೊತೆ ಮುಖಕ್ಕೆ ಶೇವಿಂಗ್ ನೊರೆ ಹಚ್ಚಿಕೊಳ್ಳುವ ನೆನಪಿನ ದೃಶ್ಯ ನಿಜಕ್ಕೂ ಚೆನ್ನಾಗಿದೆ. ಆದರೆ ಅಲ್ಲಿ ದುಃಖವನ್ನು ತುಂಡುತುಂಡಾಗಿ ನಮ್ಮ ಕೈಗಿಟ್ಟು, ತಕ್ಷಣ ಮುಂದಿನ ಸುಳಿವಿನ ಕಡೆಗೆ ಎಳೆದುಕೊಂಡು ಹೋಗುತ್ತಾರೆ. ಧಾರಾವಾಹಿಯ ಕ್ರೇವನ್ ತಿಳಿಯಲು ಹೊರಟವನು, ಸಿನಿಮಾದ ಕ್ರೇವನ್ ತೀರಿಸಿಕೊಳ್ಳಲು ಹೊರಟವನು. ಹಿನ್ನೆಲೆ ಸಂಗೀತದಲ್ಲೂ ಈ ಎಳೆದಾಟದ ಗುರುತಿದೆ: ಜಾನ್ ಕೊರಿಲಿಯಾನೊ ಮಾಡಿಕೊಟ್ಟ ಸಂಗೀತವನ್ನು ತೆಗೆದುಹಾಕಿ ಹಾವರ್ಡ್ ಶೋರ್ ಅವರಿಂದ ಹೊಸದಾಗಿ ಮಾಡಿಸಿದರು. ಧಾರಾವಾಹಿಯಲ್ಲಿ ಎರಿಕ್ ಕ್ಲಾಪ್ಟನ್ ಗಿಟಾರ್ ಒಂದೇ ಒಂದು ಎಳೆಯನ್ನು ನುಡಿಸಿದರೂ ಮಳೆ ಬಂದು ನಿಂತ ಬೀದಿ ಕಣ್ಣಿಗೆ ಕಟ್ಟುತ್ತದೆ.

ಜೆಡ್‌ಬರ್ಗ್ ಪಾತ್ರದ ವಿಷಯದಲ್ಲಿ ಮಾತ್ರ ನಾನು ಸಿನಿಮಾದ ಪರವಾಗಿಯೂ ವಾದಿಸಬಲ್ಲೆ. ಧಾರಾವಾಹಿಯಲ್ಲಿ ಅವನು ಗಾಲ್ಫ್ ಹುಚ್ಚಿನ, ಟಿವಿಯ ನೃತ್ಯ ಸ್ಪರ್ಧೆ ಬಿಡದೆ ನೋಡುವ, ಗಟ್ಟಿ ಗಂಟಲಿನ ಸಿಐಎ ಅಧಿಕಾರಿ. ಜೋ ಡಾನ್ ಬೇಕರ್ ಪಾತ್ರವನ್ನು ನುಂಗಿ ನೀರು ಕುಡಿದಿದ್ದಾರೆ. ಸಿನಿಮಾದಲ್ಲಿ ಅದೇ ಪಾತ್ರ ಮಾಡಿದ ರೇ ವಿನ್‌ಸ್ಟನ್, ಬೇಕರ್ ಅವರನ್ನು ಅನುಕರಿಸುವ ಗೋಜಿಗೇ ಹೋಗಿಲ್ಲ. ಸದ್ದಿಲ್ಲದೆ ಬರುತ್ತಾರೆ, ಕತ್ತಲಲ್ಲಿ ಕೂರುತ್ತಾರೆ, ಅರ್ಧ ಮಾತು ಆಡಿ ಅರ್ಧ ನುಂಗುತ್ತಾರೆ. ಚಿತ್ರದಲ್ಲಿ ಹಳೆಯ ಧಾರಾವಾಹಿಯ ಉಸಿರು ಎಲ್ಲಾದರೂ ಉಳಿದಿದ್ದರೆ ಈ ಮನುಷ್ಯ ಕುರ್ಚಿಯಲ್ಲಿ ಕೂತಿರುವಷ್ಟು ಹೊತ್ತು.

ಇನ್ನು ಕೊನೆ. ಗುಟ್ಟು ಪೂರ್ತಿ ಒಡೆಯುವುದಿಲ್ಲ, ಆದರೂ ಬೇಡವೆನ್ನುವವರು ಮುಂದಿನ ಪ್ಯಾರಾಕ್ಕೆ ಹೋಗಿ. ಧಾರಾವಾಹಿ ಪರಮಾಣು ಸ್ಥಾವರದಿಂದ ಆಚೆ ಭೂಮಿಯ ಕಡೆಗೆ ತಿರುಗುತ್ತದೆ. ಜೇಮ್ಸ್ ಲವ್‌ಲಾಕ್ ಅವರ ಗಾಯಾ ವಾದ, ಅಂದರೆ ಭೂಮಿ ತನ್ನನ್ನು ತಾನೇ ಕಾಪಾಡಿಕೊಳ್ಳುವ ಒಂದು ಜೀವಿ ಎಂಬ ವಿಚಾರ, ಕಥೆಯೊಳಗೆ ಇಳಿದು ಬೆಟ್ಟದ ಮೇಲೆ ಅರಳಿದ ಕಪ್ಪು ಹೂಗಳಾಗಿ ನಿಲ್ಲುತ್ತದೆ. ಕ್ರೇವನ್ ಕೊನೆಗೆ ಮರವೇ ಆಗಿಬಿಡಬೇಕು ಎಂದು ಕೆನೆಡಿ ಮಾರ್ಟಿನ್ ಹೇಳಿದ್ದರಂತೆ, ಪೆಕ್ ಒಪ್ಪಲಿಲ್ಲ. ಹುಡುಗಿ ಹೂಮರವಾಗುವ ಜನಪದ ಕಥೆ ಕೇಳಿ ಬೆಳೆದ ನಾವಾಗಿದ್ದರೆ ಬಹುಶಃ ತಕರಾರು ತೆಗೆಯುತ್ತಿರಲಿಲ್ಲ. ಸಿನಿಮಾ ಈ ಕಡೆಗೆ ತಲೆಯನ್ನೇ ಹಾಕುವುದಿಲ್ಲ. ಆಸ್ಪತ್ರೆ, ಬೆಳಕು, ಅಪ್ಪ, ಮಗಳು. ಕಣ್ಣು ತೇವವಾಗುತ್ತದೆ, ಅಷ್ಟೇ.

ಧಾರಾವಾಹಿಯನ್ನು ಸಿನಿಮಾ ಮಾಡಿದರೆ ಹೀಗೇ ಆಗುತ್ತದೆ ಎಂಬ ನಿಯಮವೇನಿಲ್ಲ. 1989ರ ಬ್ರಿಟಿಷ್ ಧಾರಾವಾಹಿ ‘ಟ್ರಾಫಿಕ್’ನಿಂದ ಹುಟ್ಟಿದ 2000ದ ಅದೇ ಹೆಸರಿನ ಅಮೆರಿಕನ್ ಚಿತ್ರ ನಾಲ್ಕು ಆಸ್ಕರ್ ಗೆದ್ದಿತು.

ಡಿಸ್ಕ್ ವಿಷಯಕ್ಕೆ ಬರೋಣ. ಧಾರಾವಾಹಿಯನ್ನು 16 ಎಂಎಂ ಫಿಲ್ಮ್‌ನಲ್ಲಿ, ಹಳೆಯ ಟಿವಿಯ ನಾಲ್ಕಕ್ಕೆ ಮೂರರ ಅಳತೆಗೆ ತೆಗೆದದ್ದು. ಚಿತ್ರ ತುಸು ಕಾಳುಕಾಳಾಗಿ ಕಾಣುತ್ತದೆ, ಅದು ಡಿಸ್ಕಿನ ದೋಷವಲ್ಲ. ಪರದೆಯ ಎರಡೂ ಪಕ್ಕ ಕಪ್ಪು ಪಟ್ಟಿ ಇರಲೇಬೇಕು. ನನ್ನ ಟಿವಿ ಅದನ್ನು ತಾನಾಗಿ ಹಿಗ್ಗಿಸಿ ತೋರಿಸುತ್ತಿತ್ತು. ಬಾಬ್ ಪೆಕ್ ಅವರ ಸೊರಗಿದ ಮುಖಕ್ಕೆ ಮಂಗನಬಾವು ಬಂದ ಹಾಗೆ ಕಾಣುತ್ತಿದ್ದರೂ ಒಂದು ಕಂತು ಪೂರ್ತಿ ಹಾಗೆಯೇ ನೋಡಿದ್ದೇನೆ. ಡಿವಿಡಿಗಳಿಗೆ ಪ್ರದೇಶವಾರು ವಲಯದ ಬೀಗ ಇರುತ್ತದೆ; ಬ್ರಿಟನ್ನಿನ ಡಿವಿಡಿಯಾದರೆ ಅದು ವಲಯ 2ರದ್ದು, ನಿಮ್ಮ ಪ್ಲೇಯರ್ ಓದುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಸಿನಿಮಾ ನಿಮ್ಮ ಬಳಿ ಬ್ಲೂ-ರೇಯಲ್ಲಿ ಇರುವುದು ಒಳ್ಳೆಯದೇ ಆಯಿತು. ಬ್ರಿಟನ್ನಿನ ಹಳೆಯ ಟಿವಿ ಪದ್ಧತಿಯಾದ ಪಾಲ್‌ಗೆ ಹೊಂದಿಸಿದ ಡಿವಿಡಿಗಳಲ್ಲಿ ಸೆಕೆಂಡಿಗೆ 24 ಚೌಕಟ್ಟಿನ ಸಿನಿಮಾ 25ರ ವೇಗದಲ್ಲಿ ಓಡುತ್ತದೆ, 117 ನಿಮಿಷದ್ದು 112ಕ್ಕೇ ಮುಗಿಯುತ್ತದೆ. ಮೊದಲೇ ಅವಸರದಲ್ಲಿರುವ ಚಿತ್ರಕ್ಕೆ ಅದೊಂದು ಬೇಕಿರಲಿಲ್ಲ.

ಧಾರಾವಾಹಿಗೆ ದುಡ್ಡು ಹಾಕಿ, ನಷ್ಟವಿಲ್ಲ. ಸಿನಿಮಾ ನೋಡಿ ಒಂದೆರಡು ವಾರ ಬಿಟ್ಟು ಶುರು ಮಾಡಿ, ರಾತ್ರಿಗೆ ಒಂದೇ ಕಂತು. ಯಾರ್ಕ್‌ಷೈರ್ ಉಚ್ಚಾರಣೆ ಮೊದಲ ದಿನ ಕಿವಿಗೆ ಹತ್ತದಿದ್ದರೆ ಸಬ್‌ಟೈಟಲ್ ಹಾಕಿಕೊಳ್ಳಿ. ಮಗಳ ಕೋಣೆಯ ದೃಶ್ಯಕ್ಕೆ ಅದರ ಅಗತ್ಯ ಬೀಳುವುದಿಲ್ಲ.