‘ಬೊಡ್ಚಿ’ ಅಂದರೆ ಬೇಡ ಅಂತ: ಒಂದು ಆಪ್ತಸಲಹೆ ಪ್ರಕರಣ

ಭಾಗ್ಯ ಅನ್ನೋದು ಅವರ ನಿಜವಾದ ಹೆಸರಲ್ಲ. ಶಾಲೆ ಯಾವುದು, ಮಗು ಯಾರದ್ದು ಅಂತ ಗೊತ್ತಾಗುವ ವಿವರಗಳನ್ನೂ ಬದಲಿಸಿದ್ದೇನೆ. ಬರೆಯೋದಕ್ಕೆ ಅವರ ಒಪ್ಪಿಗೆ ಇದೆ. "ಇನ್ನೊಬ್ಬ ಮಿಸ್‌ಗೆ ಉಪಯೋಗ ಆಗೋದಾದ್ರೆ ಬರೀರಿ ಮೇಡಂ" ಅಂದರು.

ಡಿಸೆಂಬರ್ ಮೊದಲ ವಾರ. ಚಿಕ್ಕಮಗಳೂರಿನ ಸುತ್ತ ಕಾಫಿ ಕೊಯ್ಲು ನಡೆಯುತ್ತಿತ್ತು. ಶನಿವಾರ ಶಾಲೆ ಬಿಟ್ಟ ಮೇಲೆ ಬಂದರು. ವಯಸ್ಸು 34. ಎಂಟು ವರ್ಷದಿಂದ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಎಲ್‌ಕೆಜಿ ಮಿಸ್. ಕೂತವರೇ ಬ್ಯಾಗಿನಿಂದ ಮಡಚಿದ ಹಾಳೆ ತೆಗೆದು ನನ್ನ ಮುಂದಿಟ್ಟರು.

"ಮೇಡಂ, ಇದೊಂದು ಪೇಜ್ ಬರೆಯಕ್ಕೆ ಆಗ್ತಿಲ್ಲ. ಎರಡು ತಿಂಗಳಾಯ್ತು."

ಶಾಲೆಯಲ್ಲಿ ಎಲ್ಲ ಟೀಚರ್‌ಗಳೂ ತಮ್ಮ ‘ಟೀಚಿಂಗ್ ಫಿಲಾಸಫಿ’ ಬರೆದು ಫೈಲಿಗೆ ಕೊಡಬೇಕಂತೆ. ಚಿಕ್ಕ ಮಕ್ಕಳಿಗೆ ಯಾಕೆ ಕಲಿಸುತ್ತೀರಿ, ಹೇಗೆ ಕಲಿಸುತ್ತೀರಿ, ಏನನ್ನು ನಂಬುತ್ತೀರಿ, ಒಂದೇ ಪುಟದಲ್ಲಿ. ಭಾಗ್ಯ ಫೋನಿನಲ್ಲಿ ಹುಡುಕಿ ಒಂದನ್ನು ನಕಲು ಮಾಡಿದ್ದರು. ಮಗು ಹೂವು, ಶಿಕ್ಷಕಿ ತೋಟಗಾರ್ತಿ, ಪ್ರೀತಿಯೇ ನೀರು. ಆಮೇಲೆ ಎಲ್ಲದರ ಮೇಲೂ ಗೀಟು ಎಳೆದಿದ್ದರು. ಪೆನ್ನು ಎಷ್ಟು ಒತ್ತಿತ್ತೆಂದರೆ ಹಾಳೆ ಒಂದು ಕಡೆ ಹರಿದಿತ್ತು.

ಮೊದಲು ನಿದ್ದೆ, ಊಟ ವಿಚಾರಿಸಿದೆ. ರಾತ್ರಿ ಮೂರಕ್ಕೆ ಎಚ್ಚರ. ಭಾನುವಾರ ಸಂಜೆಯಾದರೆ ಹೊಟ್ಟೆ ಹಿಂಡುತ್ತೆ. ಡಾಕ್ಟರು ಪರೀಕ್ಷೆ ಮಾಡಿಸಿ ಏನೂ ಇಲ್ಲ ಅಂದಿದ್ದರು. ಜೀವ ಬೇಡ ಅನ್ನಿಸುತ್ತಾ ಅಂತ ನೇರವಾಗಿಯೇ ಕೇಳಿದೆ. ಇಲ್ಲ ಅಂದರು. "ಯಜಮಾನ್ರು ಕೆಲಸ ಬಿಡು ಅಂತಾರೆ. ಬಿಟ್ಟರೆ ಸರಿಹೋಗುತ್ತಾ?"

ಒಂದು ಪೇಜ್ ಬರೆಯಲಾಗಲಿಲ್ಲ ಅಂತ ಯಾರಿಗೂ ತಿಂಗಳುಗಟ್ಟಲೆ ನಿದ್ದೆ ಕೆಡಲ್ಲ. ಹಾಗಾಗಿ ಹಾಳೆಯನ್ನು ಪಕ್ಕಕ್ಕಿಟ್ಟು ಬೇರೆಯದನ್ನು ಕೇಳಿದೆ: "ಈ ವರ್ಷದ ಮಕ್ಕಳಲ್ಲಿ ನಿಮಗೆ ಜಾಸ್ತಿ ನೆನಪಾಗೋದು ಯಾರು?"

ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಅತ್ತರು.

ಹುಡುಗನನ್ನು ಇಲ್ಲಿ ಪುಟ್ಟ ಅನ್ನೋಣ. ಶಾಲೆಗೆ ಸೇರಿದಾಗ 3 ವರ್ಷ 8 ತಿಂಗಳು. ಅಪ್ಪ ಒಂದು ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯುವವರು. ಮನೆಮಾತು ತುಳು. ಕನ್ನಡವೇ ಅಷ್ಟಕ್ಕಷ್ಟೆ, ಇಂಗ್ಲಿಷ್ ಎಲ್ಲಿಂದ ಬರಬೇಕು?

ಜುಲೈ ತಿಂಗಳು, ಧೋ ಅಂತ ಮಳೆ. ಶೀಟಿನ ಸದ್ದಿಗೆ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ. ಇನ್‌ಚಾರ್ಜ್ ಮೇಡಂ ಆ ದಿನ ಬುಕ್ ಚೆಕ್ ಮಾಡಲು ಬರುವವರಿದ್ದರು. ಕ್ಲಾಸಿನಲ್ಲಿ 28 ಮಕ್ಕಳು. ಎಲ್ಲರ ಪುಸ್ತಕದಲ್ಲೂ ಸ್ಟ್ಯಾಂಡಿಂಗ್ ಲೈನ್, ಸ್ಲೀಪಿಂಗ್ ಲೈನ್ ತುಂಬಿತ್ತು. ಪುಟ್ಟನ ಪುಟ ಖಾಲಿ. ಭಾಗ್ಯ ಅವನ ಹಿಂದೆ ಕೂತು, ಅವನ ಮುಷ್ಟಿಯನ್ನು ತಮ್ಮ ಮುಷ್ಟಿಯೊಳಗೆ ಹಿಡಿದು, ಪೂರ್ತಿ ಪುಟ ಬರೆಸಿದರು. ಮಗು ಏನೋ ಹೇಳುತ್ತಿತ್ತು. "ಬೊಡ್ಚಿ, ಬೊಡ್ಚಿ." ಇವರಿಗೆ ಅರ್ಥವಾಗಲಿಲ್ಲ. ಏನೋ ತೊದಲುತ್ತಿದ್ದಾನೆ ಅಂದುಕೊಂಡರು. ಕೊನೆಯ ಗೆರೆ ಮುಗಿದಾಗ ಅವನ ಬೆರಳ ತುದಿಗಳು ಬೆಳ್ಳಗಾಗಿದ್ದವು. ಕುರ್ಚಿಯ ಕೆಳಗೆ ನೆಲ ಒದ್ದೆಯಾಗಿತ್ತು.

"ಅವನು ಬುಕ್ ನೋಡ್ತಾನೇ ಇರ್ಲಿಲ್ಲ ಮೇಡಂ. ಕತ್ತು ತಿರುಗಿಸಿಕೊಂಡು ನನ್ನ ಮುಖವನ್ನೇ ನೋಡ್ತಿದ್ದ."

ಸಂಜೆ ನೆಲ ಒರೆಸುತ್ತಾ ಆಯಾ ಹೇಳಿದರು, ‘ಬೊಡ್ಚಿ’ ಅಂದರೆ ತುಳುವಿನಲ್ಲಿ ‘ಬೇಡ’ ಅಂತ.

ಪುಟ್ಟ ಶಾಲೆ ಬಿಡಲಿಲ್ಲ. ದಿನಾ ಬರುತ್ತಾನೆ. ಆದರೆ ಭಾಗ್ಯ ಹತ್ತಿರ ಬಂದರೆ ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಾನೆ. ಐದು ತಿಂಗಳಿಂದ ಹೀಗೇ.

ಇಲ್ಲಿ ನಾನು "ನಿಮ್ಮದೇನೂ ತಪ್ಪಿಲ್ಲ, ಬಿಡಿ" ಅನ್ನಲಿಲ್ಲ. ತಪ್ಪಾಗಿತ್ತು, ಅದು ಅವರಿಗೇ ಗೊತ್ತಿತ್ತು. ಸುಳ್ಳು ಸಮಾಧಾನ ಹೇಳಿದ್ದರೆ ಆ ರಾತ್ರಿ ಮೂರು ಗಂಟೆಗೆ ಮತ್ತೆ ಒಬ್ಬರೇ ಕೂತಿರುತ್ತಿದ್ದರು. ನಾನು ಹೇಳಿದ್ದು ಇಷ್ಟು: "ನಿಮಗೆ ಬರೆಯೋಕೆ ಬರಲ್ಲ ಅಂತಲ್ಲ. ನೀವು ಪ್ರೀತಿ ಅಂತ ಬರೆದ ತಕ್ಷಣ ಆ ಬೆರಳು ಕಣ್ಣ ಮುಂದೆ ಬರುತ್ತೆ. ನಿಮ್ಮ ಕೈ ಮಾಡಿದ್ದಕ್ಕೂ ನೀವು ಬರೆಯೋದಕ್ಕೂ ತಾಳೆ ಆಗ್ತಿಲ್ಲ. ಅದಕ್ಕೇ ಪೆನ್ನು ನಿಲ್ಲುತ್ತಿದೆ." ಪೇಜ್ ಬರೆಯೋದನ್ನು ಸದ್ಯಕ್ಕೆ ಬಿಡಿ, ಕೆಲಸ ಬಿಡುವ ಮಾತನ್ನು ಮಾರ್ಚ್‌ವರೆಗೆ ಎತ್ತಬೇಡಿ ಅಂದೆ. ಹೊಟ್ಟೆ ಹಿಂಡಿದಾಗ ಉಸಿರನ್ನು ನಿಧಾನ ಮಾಡಿಕೊಳ್ಳುವ ಅಭ್ಯಾಸವನ್ನೂ ಹೇಳಿಕೊಟ್ಟೆ.

ಎರಡನೇ ಸಲ ಬಂದಾಗ ಅವರ ಬಾಲ್ಯದ ಬಗ್ಗೆ ಕೇಳಿದೆ. ನಾಲ್ಕು ವರ್ಷದವರಿದ್ದಾಗ ಕೈಯಲ್ಲಿ ಏನು ಮಾಡುತ್ತಿದ್ದಿರಿ? ಕಡೂರಿನ ಕಡೆ ಅಜ್ಜಿಮನೆ. ಚಳಿಗಾಲ ಬಂದರೆ ರಾತ್ರಿ ಅವರೆಕಾಳು ನೆನೆಹಾಕಿ, ಬೆಳಿಗ್ಗೆ ಬಿಸಿಲಿಗೆ ಮೊರ ಇಟ್ಟುಕೊಂಡು ಎಲ್ಲರೂ ಹಿಸುಕಲು ಕೂರುತ್ತಿದ್ದರಂತೆ. ಹೇಳುತ್ತಾ ಭಾಗ್ಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಸೇರಿಸಿ ತೋರಿಸಿದರು. ಹೀಗೆ ಹಿಡಿದು ಒತ್ತಿದರೆ ಪುಳಕ್ ಅಂತ ಕಾಳು ಹಾರುತ್ತೆ, ಸಿಪ್ಪೆ ಕೈಯಲ್ಲೇ ಉಳಿಯುತ್ತೆ. ಜಾಸ್ತಿ ಒತ್ತಿದರೆ ಬೇಳೆ ಒಡೆಯುತ್ತೆ. ಅಜ್ಜಿ ಬೈಯುತ್ತಿರಲಿಲ್ಲ, ಒಡೆದದ್ದನ್ನು ಬೇರೆ ಬಟ್ಟಲಿಗೆ ಹಾಕು ಅನ್ನುತ್ತಿದ್ದರು.

"ನಿಮ್ಮ ಬೆರಳು ನೋಡಿಕೊಳ್ಳಿ" ಅಂದೆ. ಪೆನ್ಸಿಲ್ ಹಿಡಿಯೋದು ಇದೇ ಮೂರು ಬೆರಳಲ್ಲಿ, ಅಲ್ವಾ?

ಆಗ ಒಂದು ಹಾಳೆಯ ಮೇಲೆ ಮಣಿಕಟ್ಟಿನ ಚಿತ್ರ ಬರೆದು ತೋರಿಸಿದೆ. ದೊಡ್ಡವರ ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳಿವೆ. ಹುಟ್ಟುವಾಗ ಅವು ಮೆದುಮೂಳೆ. ಒಂದೊಂದಾಗಿ ಗಟ್ಟಿಯಾಗುತ್ತಾ ಬರುತ್ತವೆ. ನಾಲ್ಕರ ಆಸುಪಾಸಿನಲ್ಲಿ ಹೆಚ್ಚೆಂದರೆ ಅರ್ಧದಷ್ಟು ಗಟ್ಟಿಯಾಗಿರುತ್ತವೆ. ಕೊನೆಯದಕ್ಕೆ ಎಂಟು ವರ್ಷ ದಾಟಬೇಕು. ಅಂಥ ಕೈಗೆ ನಾಲ್ಕು ಗೆರೆಯ ಪುಸ್ತಕ ಕೊಟ್ಟು ಗೆರೆ ದಾಟಬೇಡ ಅನ್ನುತ್ತೇವೆ. ಪುಟ್ಟ ಸೋಮಾರಿಯಲ್ಲ, ಹಠಮಾರಿಯೂ ಅಲ್ಲ. ಅವನ ಕೈ ಇನ್ನೂ ತಯಾರಾಗಿರಲಿಲ್ಲ, ಅದನ್ನು ಅವನು ತನಗೆ ಗೊತ್ತಿದ್ದ ಭಾಷೆಯಲ್ಲಿ ಹೇಳಿದ್ದ.

"ಇನ್‌ಚಾರ್ಜ್ ಮೇಡಂ ಇದನ್ನೆಲ್ಲ ಒಪ್ತಾರಾ? ಯಾವ ಪುಸ್ತಕದಲ್ಲಿದೆ ಅಂತಾರೆ" ಅಂದರು. ನ್ಯಾಯವಾದ ಪ್ರಶ್ನೆ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 3ರಿಂದ 8 ವರ್ಷವನ್ನು ಒಂದೇ ಹಂತವಾಗಿ ನೋಡುತ್ತೆ. ಆಟವೇ ಕಲಿಕೆಯ ದಾರಿ, ಮನೆಮಾತೇ ಮೊದಲ ಭಾಷೆ ಅನ್ನುತ್ತೆ. 1907ರಲ್ಲಿ ರೋಮ್‌ನಲ್ಲಿ ಮೊದಲ ಮಕ್ಕಳ ಮನೆ ತೆರೆದ ಮಾರಿಯಾ ಮಾಂಟೆಸ್ಸರಿ, ಮಕ್ಕಳು ಬರೆಯುವ ಮೊದಲು ಉಪ್ಪುಕಾಗದದ ಅಕ್ಷರದ ಮೇಲೆ ಬೆರಳಾಡಿಸಲಿ ಅಂದರು. ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ಅನ್ನುವ ಚಿಕ್ಕ ಮಕ್ಕಳ ಶಾಲೆ ಶುರುಮಾಡಿದ ಗಿಜುಭಾಯಿ ಬಧೇಕಾ ವಕೀಲರಾಗಿದ್ದವರು. ತಮ್ಮ ಮಗನನ್ನು ಹೇಗೆ ಬೆಳೆಸೋದು ಅಂತ ಹುಡುಕುತ್ತಾ ಈ ಕೆಲಸಕ್ಕೆ ಬಂದರು. ‘ಮೀಸೆಯ ತಾಯಿ’ ಅಂತಲೇ ಜನ ಕರೆದರು. ಅಷ್ಟು ದೂರ ಯಾಕೆ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ, ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯನ್ನೇ ನೋಡಿ. ಅಲ್ಲಿ ಅ ಆ ಇ ಈ ಕ್ರಮವಿಲ್ಲ. ರ ಗ ಸ ದ ಅ ದಿಂದ ಶುರು. ಐದು ಅಕ್ಷರ ಬಂದರೆ ಸಾಕು, ಮಗು ಸರ, ಗರಗಸ, ಅರಸ ಓದುತ್ತೆ. ಯಾರೋ ಮಗುವಿನ ಕಡೆ ತಿರುಗಿ ಕೂತು ಯೋಚಿಸಿದ್ದರಿಂದಲೇ ಇದು ಸಾಧ್ಯವಾಯಿತು. ಇವರನ್ನೆಲ್ಲ ನಿಮ್ಮ ಪೇಜಿನಲ್ಲಿ ಉದ್ಧರಿಸಬೇಡಿ, ಅವರು ಮಾಡಿದ ಹಾಗೆ ಎದುರಿಗಿರುವ ಮಗುವಿನಿಂದ ಶುರುಮಾಡಿ ಅಂದೆ.

ನಾನು ಕೊಟ್ಟ ಸಲಹೆಗಳಲ್ಲಿ ಮೊದಲನೆಯದು, ಪುಟ್ಟನ ಹತ್ತಿರ ತಪ್ಪಾಯಿತು ಅನ್ನೋದು. ನಾಲ್ಕು ವರ್ಷದ ಮಗುವಿಗೆ ಏನು ಗೊತ್ತಾಗುತ್ತೆ, ಮರೆತಿರುತ್ತೆ ಅಂತ ಅನೇಕರು ಹೇಳುತ್ತಾರೆ. ಬೆನ್ನ ಹಿಂದೆ ಹೋಗುವ ಕೈ ಮರೆತಿಲ್ಲ. ಎಲ್ಲರೆದುರು ಬೇಡ, ಉದ್ದ ಮಾತೂ ಬೇಡ. ಅವನ ಎತ್ತರಕ್ಕೆ ಕೂತು, ಕೈ ಮುಟ್ಟದೆ ಹೇಳಿ: ಅವತ್ತು ನಿನ್ನ ಕೈ ಗಟ್ಟಿಯಾಗಿ ಹಿಡಿದೆ, ನೋವಾಯಿತು, ಇನ್ನು ನೀನು ಬೊಡ್ಚಿ ಅಂದರೆ ಬಿಡ್ತೀನಿ. ಆಯಾ ಹತ್ತಿರ ತುಳುವಿನಲ್ಲೇ ಕೇಳಿ ಕಲಿತುಕೊಳ್ಳಿ. ಜೊತೆಗೆ ಬೋಡು, ಬಲ, ಬಡವು ಅನ್ನುವಂಥ ಹತ್ತು ಮಾತು ಕಲಿಯಿರಿ. ಅಂದರೆ ಬೇಕು, ಬಾ, ಹಸಿವು. ಮಗುವಿನ ಜೊತೆ ಒಂದು ದಿನ ಕಳೆಯಲು ಅಷ್ಟು ಬೇಕೇ ಬೇಕು.

ಇನ್ನೊಂದು, ಅವರೆಕಾಳು. ಕಾಲವೂ ಅದೇ ಇತ್ತು. ವಾರಕ್ಕೆ ಎರಡು ದಿನ ಬರವಣಿಗೆಯ ಅರ್ಧ ಗಂಟೆಯಲ್ಲಿ ಹಿಸುಕಲು ಕೂರಿಸಿ. ಉಳಿದ ದಿನ ರಾಗಿ ಹರಡಿದ ತಟ್ಟೆಯಲ್ಲಿ ಬೆರಳಿನಿಂದ ಗೀಚಲಿ, ಚಿಟಿಕೆ ಹಿಡಿದು ರಂಗೋಲಿ ಪುಡಿ ಬಿಡಲಿ. ಕಾಳು ಬಾಯಿಗೆ, ಮೂಗಿಗೆ ಹೋಗದ ಹಾಗೆ ಆಯಾ ಪಕ್ಕದಲ್ಲೇ ಇರಬೇಕು. ಇನ್‌ಚಾರ್ಜ್ ಹತ್ತಿರ ಬರೆಸಲ್ಲ ಅಂತ ಜಗಳಕ್ಕೆ ಹೋಗಬೇಡಿ, ಎರಡು ದಿನ ಮಾತ್ರ ಕೇಳಿ ಅಂದೆ.

ಅಪ್ಪ ಅಮ್ಮಂದಿರನ್ನು ಶತ್ರುಗಳ ಹಾಗೆ ನೋಡಬೇಡಿ ಅಂತಲೂ ಹೇಳಿದೆ. ಪುಟ್ಟನ ಅಪ್ಪ ದಿನಾ ಬುಕ್ ತೆರೆದು ನೋಡುತ್ತಿದ್ದುದಕ್ಕೆ ಕಾರಣ ಭಯ. ಮಗ ಎಸ್ಟೇಟಿನಲ್ಲೇ ಉಳಿದುಬಿಟ್ಟರೆ ಅನ್ನುವ ಭಯ. ಅದಕ್ಕೆ ಭಾಷಣ ಮದ್ದಲ್ಲ. ಮೀಟಿಂಗಿನಲ್ಲಿ ಎಲ್ಲರಿಗೂ ನಾಲ್ಕು ಗೆರೆಯ ಹಾಳೆ ಕೊಟ್ಟು, ರೂಢಿಯಿಲ್ಲದ ಕೈಯಲ್ಲಿ ಒಂದು ನಿಮಿಷ ಹೆಸರು ಬರೆಸಿ ಅಂದೆ.

ಜನವರಿ ಕೊನೆಗೆ ಮತ್ತೆ ಬಂದರು. ಎರಡು ದಿನ ಕೇಳಿದ್ದಕ್ಕೆ ಒಂದು ದಿನ ಸಿಕ್ಕಿತ್ತು. ಮೀಟಿಂಗಿನಲ್ಲಿ ಒಬ್ಬ ತಾಯಿ ಹಾಳೆ ವಾಪಸ್ ಕೊಟ್ಟು, ನಾವು ಫೀಸ್ ಕಟ್ಟೋದು ಕಾಳು ಹಿಸುಕೋಕಲ್ಲ ಅಂದರಂತೆ. ಪುಟ್ಟನ ಅಪ್ಪ ಮಾತ್ರ ಎಡಗೈಯಲ್ಲಿ ಅರ್ಧ ಹೆಸರು ಬರೆದು, ಬೆರಳು ನೀವಿಕೊಳ್ಳುತ್ತಾ ಆ ಹಾಳೆಯನ್ನು ಜೇಬಿಗೆ ಹಾಕಿಕೊಂಡು ಹೋದರಂತೆ.

ಪುಟ್ಟ? ಮೊದಲ ಎರಡು ವಾರ ಮೊರದ ಹತ್ತಿರ ಬರಲೇ ಇಲ್ಲ. ಮೂರನೇ ವಾರ ಅವನು ಒತ್ತಿದ ಕಾಳು ಹಾರಿ ಭಾಗ್ಯ ಅವರ ಕನ್ನಡಕಕ್ಕೆ ಬಡಿಯಿತು. ಅವನು ಹೆದರಿ ಕೈ ಹಿಂದಕ್ಕೆ ಎಳೆದುಕೊಂಡ. ಇವರು ಕಾಳನ್ನು ಎತ್ತಿ ಬಟ್ಟಲಿಗೆ ಹಾಕಿ, ಇನ್ನೊಂದು ನೆನೆದ ಕಾಳನ್ನು ಅಂಗೈಯಲ್ಲಿಟ್ಟು "ಬೋಡಾ?" ಅಂದರು. ಬೇಕಾ ಅಂತ. ಸ್ವಲ್ಪ ಹೊತ್ತಿನ ಮೇಲೆ ಅವನ ಕೈ ಮುಂದೆ ಬಂತು. ಈಗಲೂ ಒಮ್ಮೊಮ್ಮೆ ಹಿಂದೆ ಹೋಗುತ್ತೆ ಅಂದರು. ನಿದ್ದೆ ಪರವಾಗಿಲ್ಲ, ಭಾನುವಾರ ಇನ್ನೂ ಕಷ್ಟವೇ.

ಪೇಜ್ ಬರೆದು ತಂದಿದ್ದರು. ಕನ್ನಡದಲ್ಲಿ, ಎಂಟೇ ಸಾಲು. "ಮಗುವಿನ ಕೈ ಹಿಡಿದು ಬರೆಸಲ್ಲ." "ನೆಲ ಒದ್ದೆಯಾದರೆ ಮೊದಲು ಮಗುವಿನ ಬಟ್ಟೆ, ಆಮೇಲೆ ನೆಲ." "ಖಾಲಿ ಪುಟಕ್ಕೆ ಕಾರಣ ಹುಡುಕ್ತೀನಿ, ತುಂಬಿಸಲ್ಲ." ಕೊನೆಯ ಸಾಲು: "ಜೂನ್ ಮೊದಲ ವಾರದಲ್ಲೇ ಪ್ರತಿ ಮಗುವಿನ ಮನೆಮಾತಲ್ಲಿ ‘ಬೇಡ’ ಅನ್ನೋದಕ್ಕೆ ಏನಂತಾರೆ ಅಂತ ಕಲೀತೀನಿ. ಉದಾಹರಣೆಗೆ, ಬೊಡ್ಚಿ."

ಈ ಕೊನೆಯ ಸಾಲು ತೆಗೆಯಲಾ, ಇನ್‌ಚಾರ್ಜ್ ಮೇಡಂ ಇದೇನು ಅಂತ ಕೇಳಿದರೆ ಅಂದರು. ಇರಲಿ ಬಿಡಿ, ಕೇಳಿದರೆ ಹೇಳಿ ಅಂದೆ.

ಮುಂದಿನ ವಾರ ಫೋನ್ ಬಂತು. ಇನ್‌ಚಾರ್ಜ್ ಮೇಡಂ ಕೇಳಿದ್ದರು. ಭಾಗ್ಯ ಜುಲೈ ತಿಂಗಳ ಆ ದಿನವನ್ನು ಅವರಿಗೆ ಪೂರ್ತಿ ಹೇಳಿದ್ದರು.