ರಾಜೀನಾಮೆ ಪತ್ರ ಟೈಪ್ ಮಾಡಿದ್ದು ನಾನೇ, ಅಕ್ಕ

ಪ್ರಶ್ನೆ: ಅಕ್ಕ, ನನಗೆ 34 ವರ್ಷ. ಹಾಸನದ ಹೊರಗಿರುವ ಒಂದು ಗಾರ್ಮೆಂಟ್ಸ್‌ನಲ್ಲಿ ಎಂಟು ವರ್ಷದಿಂದ ಎಚ್‌ಆರ್ ಅಸಿಸ್ಟೆಂಟ್ ಆಗಿದ್ದೇನೆ. ಸುಮಾರು 640 ಜನ ಕೆಲಸ ಮಾಡುತ್ತಾರೆ. ಹೆಚ್ಚಿನವರು ದುದ್ದ, ಶಾಂತಿಗ್ರಾಮ, ಹೊಳೆನರಸೀಪುರ ಕಡೆಯಿಂದ ಕಂಪನಿ ಬಸ್ಸಿನಲ್ಲಿ ಬರುವ ಹೆಣ್ಣುಮಕ್ಕಳು. ಆರ್ಡರ್ ಎಲ್ಲ ಬಾಂಗ್ಲಾದೇಶಕ್ಕೆ ಹೋಗುತ್ತಿದೆ, ಮೂರು ಲೈನ್ ಮುಚ್ಚಬೇಕು ಅಂತ ಮೇಲಿನವರು ಹೇಳಿದ್ದಾರೆ. ಅದಕ್ಕೆ 180 ಜನರ ಹೆಸರಿನಲ್ಲಿ ‘ಸ್ವಂತ ಕಾರಣಗಳಿಂದ, ಸ್ವಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ’ ಎನ್ನುವ ಒಂದೇ ಪತ್ರ ನನ್ನ ಕೈಯಲ್ಲಿ ಟೈಪ್ ಮಾಡಿಸಿದ್ದಾರೆ. ತಾರೀಖಿನ ಜಾಗ ಖಾಲಿ. ಸಹಿ ಹಾಕಿದವರಿಗೆ 20,000 ಕೊಡುತ್ತಾರಂತೆ. ತಿಂಗಳ ಕೊನೆಯಲ್ಲಿ ಒಬ್ಬೊಬ್ಬರನ್ನೇ ಕರೆದು ನಾನೇ ಸಹಿ ಹಾಕಿಸಬೇಕು. ಮೂರು ತಿಂಗಳಿಂದ ಸಂಬಳದಲ್ಲಿ ಪಿಎಫ್ ಹಿಡಿಯುತ್ತಿದ್ದಾರೆ, ಕಟ್ಟಿಲ್ಲ. ಆ ಪಟ್ಟಿಯಲ್ಲಿ ನನ್ನ ಚಿಕ್ಕಮ್ಮನ ಮಗಳೂ ಇದ್ದಾಳೆ. ಅವಳಿಗೆ ನಾಲ್ಕು ವರ್ಷ ಹತ್ತು ತಿಂಗಳ ಸರ್ವೀಸು. ದಿನಾ ಸಂಜೆ ಬಸ್ಸಿನಲ್ಲಿ ನನಗೆ ಸೀಟು ಹಿಡಿದು ಕರೆಯುತ್ತಾಳೆ. ನಾನು ತಲೆನೋವು ಅಂತ ಹೇಳಿ ಹಿಂದೆ ಹೋಗಿ ಕೂರುತ್ತೇನೆ. ಅಪ್ಪ ತೀರಿಕೊಂಡಾಗ ನನಗೆ ಈ ಕೆಲಸ ಕೊಡಿಸಿದ್ದು ನಮ್ಮ ಮ್ಯಾನೇಜರ್. ‘ಉಂಡ ಮನೆ ಜಂತೆ ಎಣಿಸಬೇಡ, ಗೂಡ್ಸ್ ಆಟೋ ಸಾಲ ಇನ್ನೂ ಎರಡು ವರ್ಷ ಇದೆ’ ಅನ್ನುತ್ತಾರೆ ನಮ್ಮ ಮನೆಯವರು. ಪಟ್ಟಿಯ ಫೋಟೋ ಮೊಬೈಲಲ್ಲಿ ಇದೆ. ಟಿವಿಯವರಿಗೆ ಕೊಡಲಾ? ಸುಮ್ಮನಿರಲಾ? ನಿದ್ದೆ ಬರುತ್ತಿಲ್ಲ.

ಉತ್ತರ: ಪ್ರೀತಿಯ ತಂಗಿ,

ಫೋಟೋವನ್ನು ಟಿವಿಯವರಿಗೆ ಕೊಡಬೇಡಿ. ಸುಮ್ಮನೆಯೂ ಇರಬೇಡಿ. ಇವೆರಡರ ನಡುವೆ ಮಾಡುವ ಕೆಲಸ ಬೇಕಾದಷ್ಟಿದೆ. ಅದಕ್ಕೆ ತಿಂಗಳ ಕೊನೆಯವರೆಗೆ ಸಮಯವೂ ಇದೆ.

ಮೊದಲು ಆ ಪತ್ರದ ವಿಷಯ. ಅದರಲ್ಲಿ ಕಂಪನಿಗೆ ಬೇಕಾಗಿರುವುದು ‘ಸ್ವಇಚ್ಛೆ’ ಅನ್ನುವ ಒಂದೇ ಪದ. ನಷ್ಟವಾಯಿತು, ಆರ್ಡರ್ ಹೋಯಿತು ಅಂತ ಜನರನ್ನು ತೆಗೆಯಲು ಕಾನೂನಿನಲ್ಲಿ ದಾರಿ ಇದೆ. ನಿಮ್ಮಷ್ಟು ದೊಡ್ಡ ಕಾರ್ಖಾನೆ ಹಾಗೆ ತೆಗೆಯುವ ಮುಂಚೆ ಸರ್ಕಾರದ ಅನುಮತಿ ಕೇಳಬೇಕು. ಹಳೆ ಕಾನೂನಿನಲ್ಲಿ 100 ಜನ ಇದ್ದರೇ ಈ ನಿಯಮ ಬರುತ್ತಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಅದು 300 ಆಗಿದೆ. ನೀವು 640 ಜನ ಇದ್ದೀರಿ, ಯಾವ ಲೆಕ್ಕದಲ್ಲೂ ತಪ್ಪಿಸಿಕೊಳ್ಳಲಾಗದು. ಅನುಮತಿಯ ಜೊತೆಗೆ ಮೂರು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಅಷ್ಟು ಸಂಬಳ ಕೊಡಬೇಕು. ಸರ್ವೀಸಿನ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ ಕೊಡಬೇಕು. ಆದರೆ ‘ನಾನೇ ಬಿಟ್ಟೆ’ ಅಂತ ಬರೆದುಕೊಟ್ಟವರಿಗೆ ಇದ್ಯಾವುದೂ ಇಲ್ಲ. ಅನುಮತಿ ಬೇಡ, ನೋಟಿಸ್ ಬೇಡ, ಪರಿಹಾರ ಬೇಡ. ನಿಮ್ಮ ಕೈಯಲ್ಲಿ 180 ಸಲ ಟೈಪ್ ಮಾಡಿಸಿದ್ದು ಇದಕ್ಕೇ.

ನಿಮ್ಮ ತಂಗಿಯದೇ ಲೆಕ್ಕ ಹಾಕೋಣ. ತಿಂಗಳಿಗೆ 13,000 ಅಂತ ಇಟ್ಟುಕೊಳ್ಳಿ. ತಿಂಗಳ ಕೆಲಸದ ದಿನ ಅಂತ ಹಿಡಿಯುವ 26ರಿಂದ ಭಾಗಿಸಿದರೆ ದಿನಕ್ಕೆ 500. 15 ದಿನಕ್ಕೆ 7,500. ಐದು ವರ್ಷಕ್ಕೆ ಗ್ರ್ಯಾಚುಟಿ, ಅಂದರೆ ಐದು ವರ್ಷ ದುಡಿದವರಿಗೆ ಕೆಲಸ ಬಿಡುವಾಗ ಕೊಡಬೇಕಾದ ಹಣ, 37,500. ಪರಿಹಾರದ ಹಣವೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಮೂರು ತಿಂಗಳ ನೋಟಿಸ್ ಸಂಬಳ 39,000. ಎಲ್ಲ ಸೇರಿ ಲಕ್ಷ ದಾಟುತ್ತದೆ. ಅವಳ ಕೈಗೆ ಇಡಲು ಹೊರಟಿರುವುದು 20,000. ಗ್ರ್ಯಾಚುಟಿಗೆ ಬೇಕಾದ ಐದು ವರ್ಷ ತುಂಬಲು ಅವಳಿಗೆ ಇನ್ನು ಎರಡೇ ತಿಂಗಳು. ಪಟ್ಟಿಯಲ್ಲಿ ಹೀಗೆ ಐದರ ಹತ್ತಿರ ಬಂದವರು ಎಷ್ಟು ಜನ ಅಂತ ನೀವೇ ಒಮ್ಮೆ ನೋಡಿ. ಇನ್ನೊಂದು ಮಾತು. ಐದನೇ ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದರೆ ಐದು ವರ್ಷ ತುಂಬಿದ ಹಾಗೇ ಅಂತ ಮದ್ರಾಸ್ ಹೈಕೋರ್ಟ್ ಹಿಂದೆಯೇ ಹೇಳಿದೆ. ಹಾಗಾಗಿ ‘ಐದು ವರ್ಷ ಆಗಿಲ್ಲ, ಏನೂ ಸಿಗಲ್ಲ’ ಅನ್ನುವ ಮಾತನ್ನು ಅವಳು ಒಪ್ಪಬೇಕಿಲ್ಲ.

ಆರ್ಡರ್ ಹೋಗಿದೆ ಅನ್ನುವುದು ಸುಳ್ಳು ಅಂತ ನಾನು ಹೇಳುವುದಿಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಮಾಲಿನ ಮೇಲೆ 50 ಪರ್ಸೆಂಟ್ ಸುಂಕ ಹಾಕಿದಾಗ ಬಟ್ಟೆ ಉದ್ಯಮಕ್ಕೆ ಪೆಟ್ಟು ಬಿದ್ದಿದ್ದು ನಿಜ. ಬಾಂಗ್ಲಾದೇಶದಲ್ಲಿ ಕಡಿಮೆ ದರಕ್ಕೆ ಹೊಲಿದು ಕೊಡುತ್ತಾರೆ ಅನ್ನುವುದೂ ನಿಜ. ಬೆಂಗಳೂರಿನ ಗಾರ್ಮೆಂಟ್ಸ್‌ಗಳು ಮಂಡ್ಯ, ಹಾಸನ, ತುಮಕೂರಿನ ಕಡೆ ಬಂದಿದ್ದಕ್ಕೂ ಕಡಿಮೆ ಸಂಬಳ ಒಂದು ಕಾರಣವೇ ಅಲ್ವಾ? ಅಲ್ಲಿಂದ ಇಲ್ಲಿಗೆ ಬಂತು, ಇಲ್ಲಿಂದ ಇನ್ನೊಂದು ಕಡೆ ಹೋಗುತ್ತದೆ. ಅದನ್ನು ನೀವು, ನಾನು ತಡೆಯಲಾರೆವು. ಹೋಗುವವರು ಕೊಡಬೇಕಾದ್ದನ್ನು ಕೊಟ್ಟು ಹೋಗಲಿ ಅಂತ ಕೇಳಬಹುದು.

ಈಗ ನಿಮ್ಮ ನಿದ್ದೆಯ ವಿಷಯ. ನನ್ನದೇ ಒಂದು ಕಥೆ ಹೇಳುತ್ತೇನೆ. ಇಪ್ಪತ್ತು ವರ್ಷದ ಹಿಂದೆ ನಾನು ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿದ್ದೆ. ಟೀಚರ್‌ಗಳು ಸಹಿ ಹಾಕುತ್ತಿದ್ದ ಸಂಬಳ ಒಂದು, ಕೈಗೆ ಸಿಗುತ್ತಿದ್ದ ಸಂಬಳ ಇನ್ನೊಂದು. ಪ್ರತಿ ತಿಂಗಳು ರಿಜಿಸ್ಟರ್ ಹಿಡಿದು, ರೆವಿನ್ಯೂ ಸ್ಟಾಂಪ್ ಅಂಟಿಸಿ, ಸಹಿ ಹಾಕಿಸುತ್ತಿದ್ದವಳು ನಾನೇ. ಒಬ್ಬರು ಟೀಚರ್ ಸಹಿ ಮಾಡುವಾಗ ಎಡಗೈಯನ್ನು ಅಂಕಿಯ ಮೇಲೆ ಇಟ್ಟು ಮುಚ್ಚಿಕೊಳ್ಳುತ್ತಿದ್ದರು. ಕಣ್ಣಿಗೆ ಬೀಳಬಾರದು ಅಂತ. ಎರಡು ವರ್ಷ ಅದನ್ನು ನೋಡಿದೆ, ಒಂದು ಮಾತೂ ಆಡಲಿಲ್ಲ. ಆಮೇಲೆ ಕೆಲಸ ಬಿಟ್ಟೆ. ಆದರೆ ಆ ಕೈ ಈಗಲೂ ಕಣ್ಣಮುಂದೆ ಬರುತ್ತದೆ. ನಿಮಗೆ ಯಾಕೆ ನಿದ್ದೆ ಬರುತ್ತಿಲ್ಲ ಅಂತ ನನಗೆ ಗೊತ್ತು. ಸುಮ್ಮನಿದ್ದರೆ ಎಲ್ಲ ತಣ್ಣಗಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ನಿಮ್ಮ ಯಜಮಾನರನ್ನು ತಪ್ಪು ಅನ್ನಲಾರೆ. ಸಾಲದ ಕಂತು ಕಟ್ಟುವವರಿಗೆ ಭಯ ಇದ್ದೇ ಇರುತ್ತದೆ. ಆದರೆ ‘ಉಂಡ ಮನೆ’ ಅನ್ನುವ ಮಾತನ್ನು ಸ್ವಲ್ಪ ಯೋಚನೆ ಮಾಡಿ. ಎಂಟು ವರ್ಷ ನೀವು ಉಂಡಿದ್ದು ದುಡಿದು ಉಂಡಿದ್ದು. ಆ ಮನೆಗೆ ಅಕ್ಕಿ ತಂದು ಹಾಕಿದವರಲ್ಲಿ ಮಷಿನ್ ಮುಂದೆ ಕೂತ ಆ 180 ಜನರೂ ಇದ್ದಾರೆ. ಮ್ಯಾನೇಜರ್ ಋಣ ಬೇರೆ. ಅಪ್ಪ ಹೋದಾಗ ಕೈ ಹಿಡಿದವರನ್ನು ಮರೆಯಬಾರದು, ನೀವು ಮರೆತಿಲ್ಲ. ಆದರೆ ನಿಮ್ಮ ಋಣವನ್ನು ಬೇರೆಯವರ ದುಡ್ಡಿನಲ್ಲಿ ತೀರಿಸಲು ಆಗುವುದಿಲ್ಲ. ಅವರಿಗೂ ಮೇಲಿನಿಂದ ಒತ್ತಡ ಇರಬಹುದು. ಅವರ ಮೇಲೆ ಸಿಟ್ಟು ಇಟ್ಟುಕೊಳ್ಳದೆಯೇ ಅವರ ಈ ಮಾತನ್ನು ನಡೆಸಿಕೊಡದೆ ಇರಬಹುದು.

ಹೇಗೆ ಅಂದರೆ, ಎದುರಾಡಬೇಡಿ. ‘ಸಾರ್, ಇದನ್ನ ಒಂದು ಮೇಲ್‌ನಲ್ಲಿ ಕಳಿಸಿಬಿಡಿ, ನಾನು ಹಾಗೇ ಮಾಡ್ತೀನಿ’ ಅನ್ನಿ. ಬಾಯಿಮಾತಿನಲ್ಲಿ ಹೇಳಿದ್ದನ್ನು ಬರವಣಿಗೆಯಲ್ಲಿ ಕೊಡಲು ಅವರು ಹಿಂದೆಮುಂದೆ ನೋಡುತ್ತಾರೆ. ಕೊಟ್ಟರೆ ಅದೇ ದಾಖಲೆ. ಕೊಡದಿದ್ದರೆ, ಬರವಣಿಗೆಯಲ್ಲಿ ಇಲ್ಲದ ಕೆಲಸ ನಾನು ಮಾಡಲಾರೆ ಅಂತ ಮೆಲ್ಲಗೆ ಹೇಳಬಹುದು. ಸಾಕ್ಷಿ ಅಂತ ಆ ಪತ್ರಗಳ ಕೆಳಗೆ ನಿಮ್ಮ ಸಹಿಯನ್ನಂತೂ ಹಾಕಲೇಬೇಡಿ. ನಾಳೆ ಇದು ಲೇಬರ್ ಕೋರ್ಟಿಗೆ ಹೋದರೆ ಮೇಲಿನವರ ಹೆಸರು ಎಲ್ಲೂ ಇರುವುದಿಲ್ಲ. ಟೈಪ್ ಮಾಡಿದವಳು, ಸಹಿ ಹಾಕಿಸಿದವಳು, ಸಾಕ್ಷಿ ನಿಂತವಳು ಅಂತ ನಿಮ್ಮ ಹೆಸರು ಇರುತ್ತದೆ. ಇದನ್ನು ನಿಮ್ಮ ಯಜಮಾನರಿಗೂ ಹೇಳಿ. ಸುಮ್ಮನಿರುವುದರಲ್ಲೂ ಅಪಾಯ ಇದೆ ಅಂತ ಅವರಿಗೆ ಗೊತ್ತಾಗಲಿ.

ಮೊಬೈಲಿನ ಫೋಟೋ ಬಗ್ಗೆ ಜೋಪಾನ. ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಆಫೀಸಿನ ಮೇಲ್‌ನಿಂದ ನಿಮ್ಮ ಸ್ವಂತ ಮೇಲ್‌ಗೆ ಫೈಲ್ ಕಳಿಸಬೇಡಿ. ನಿಮ್ಮನ್ನು ತೆಗೆಯಲು ಅದೊಂದೇ ನೆಪ ಸಾಕು, ಅಸಲಿ ವಿಷಯ ಮೂಲೆಗೆ ಹೋಗುತ್ತದೆ. ಬೇರೆ ಹೆಣ್ಣುಮಕ್ಕಳ ಆಧಾರ್, ಬ್ಯಾಂಕ್ ನಂಬರ್ ಇರುವ ಕಾಗದ ಮುಟ್ಟಬೇಡಿ. ಅದರ ಬದಲು ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ಯಾವ ತಾರೀಖು, ಎಷ್ಟು ಗಂಟೆಗೆ, ಯಾರು, ಏನು ಹೇಳಿದರು ಅಂತ ಅದೇ ದಿನ ರಾತ್ರಿ ಬರೆದಿಡಿ. ನಿಮ್ಮ ನೇಮಕ ಪತ್ರ, ಸಂಬಳದ ಚೀಟಿಗಳನ್ನು ಒಂದು ಕಡೆ ಸೇರಿಸಿ. ನೀವೂ ಗುಮಾಸ್ತೆಯ ಕೆಲಸ ಮಾಡುವವರು, ಕಾನೂನಿನ ಕಣ್ಣಲ್ಲಿ ಕಾರ್ಮಿಕರೇ. ಎಚ್‌ಆರ್ ಅನ್ನುವ ಹೆಸರು ನೋಡಿ ‘ನಾನು ಆ ಕಡೆಯವಳು’ ಅಂದುಕೊಳ್ಳಬೇಡಿ.

ಟಿವಿ ಬೇಡ ಅಂದಿದ್ದಕ್ಕೆ ಕಾರಣವಿದೆ. ನಮ್ಮ ದೇಶದಲ್ಲಿ ಅಕ್ರಮ ಬಯಲು ಮಾಡುವವರ ರಕ್ಷಣೆಗೆ 2014ರಲ್ಲಿ ಒಂದು ಕಾನೂನು ಪಾಸಾಯಿತು. ಅದು ಸರ್ಕಾರಿ ನೌಕರರ ಅಕ್ರಮಗಳ ಬಗ್ಗೆ ಮಾತ್ರ. ಅದನ್ನೂ ಜಾರಿಗೆ ತರದೆ ಹಾಗೇ ಇಟ್ಟಿದ್ದಾರೆ. ಖಾಸಗಿ ಕಾರ್ಖಾನೆಯ ನಿಮ್ಮಂಥವರಿಗೆ ಅದರಿಂದ ರಕ್ಷಣೆ ಇಲ್ಲ. ನನಗೆ ಇದು ಬಹಳ ಬೇಜಾರಿನ ವಿಷಯ. ಔಷಧ ಕಂಪನಿ ರ‍್ಯಾನ್‌ಬ್ಯಾಕ್ಸಿಯ ಅಕ್ರಮ ಬಯಲು ಮಾಡಿದ ದಿನೇಶ್ ಠಾಕೂರ್ 2005ರಲ್ಲೇ ಕೆಲಸ ಬಿಟ್ಟು ಅಮೆರಿಕದ ಅಧಿಕಾರಿಗಳಿಗೆ ಬರೆದರು. ಕಂಪನಿ ತಪ್ಪೊಪ್ಪಿಕೊಂಡು 50 ಕೋಟಿ ಡಾಲರ್ ಕಟ್ಟಿದ್ದು 2013ರಲ್ಲಿ. ಎಂಟು ವರ್ಷ! ಅದೂ ಅಮೆರಿಕದ ಕಾನೂನು ಬೆನ್ನಿಗಿದ್ದಾಗ. ನಿಮಗೆ ಅಷ್ಟು ಕಾಯಲು ಆಗದು, ಆ 180 ಜನರಿಗೂ ಆಗದು. ಹಾಗಾಗಿ ನಿಮ್ಮೊಬ್ಬರ ಹೆಸರು ಮುಂದೆ ಬರದ ದಾರಿ ಹಿಡಿಯಿರಿ.

ಆ ದಾರಿ ಪಿಎಫ್‌ನಿಂದ ಶುರುವಾಗುತ್ತದೆ. ಪಿಎಫ್ ಪಾಸ್‌ಬುಕ್ ನೋಡಲು ಯಾರ ಗುಟ್ಟನ್ನೂ ಬಯಲು ಮಾಡಬೇಕಿಲ್ಲ. ಪ್ರತಿಯೊಬ್ಬರಿಗೂ ತಮ್ಮದೇ ಯುಎಎನ್ ನಂಬರ್, ಅಂದರೆ ಪಿಎಫ್‌ನ ಗುರುತಿನ ನಂಬರ್ ಇದೆ, ಮೊಬೈಲಿನಲ್ಲೇ ತೆರೆದು ನೋಡಬಹುದು. ಒಂದು ತಿಂಗಳ ಹಣವನ್ನು ಮುಂದಿನ ತಿಂಗಳು 15ನೇ ತಾರೀಖಿನೊಳಗೆ ಕಟ್ಟಬೇಕು. ಸಂಬಳದಲ್ಲಿ ಹಿಡಿದು ಕಟ್ಟದಿರುವುದು ತಡವಾಯಿತು ಅಂದುಬಿಡುವಂಥ ಸಣ್ಣ ವಿಷಯ ಅಲ್ಲ. ನಂಬಿಕೆ ದ್ರೋಹದ ಕ್ರಿಮಿನಲ್ ಕೇಸೇ ಆಗುತ್ತದೆ. ಹತ್ತು ಹೆಣ್ಣುಮಕ್ಕಳು ಊಟದ ಹೊತ್ತಿನಲ್ಲಿ ಪಾಸ್‌ಬುಕ್ ತೆರೆದು ನೋಡಿದರೆ ಸಾಕು, ವಿಷಯ ತಾನಾಗೇ ಲೈನ್ ತುಂಬ ಹರಡುತ್ತದೆ. ಪಿಎಫ್ ಕಚೇರಿಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು.

ರಾಜೀನಾಮೆ ವಿಷಯಕ್ಕೆ ಹಾಸನದ ಕಾರ್ಮಿಕ ಅಧಿಕಾರಿ ಕಚೇರಿಗೆ ಹೋಗಬೇಕು. ಹೋಗುವುದು ಮಷಿನ್ ಮೇಲೆ ಕೂರುವವರೇ ಆಗಲಿ, ಇಪ್ಪತ್ತು ಮೂವತ್ತು ಜನ ಒಂದೇ ಅರ್ಜಿಗೆ ಸಹಿ ಹಾಕಿ ಕೊಡಲಿ. ಅರ್ಜಿಯ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬರಲಿ. ಅದಕ್ಕೂ ಮುಂಚೆ ಕೋರ್ಟ್ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ನೀವೊಬ್ಬರೇ ಹೋಗಿ ಬನ್ನಿ. ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರ ಸಲಹೆ ಉಚಿತ, ಆದಾಯ ಎಷ್ಟು ಅಂತ ನೋಡುವುದಿಲ್ಲ. 15100ಕ್ಕೆ ಫೋನ್ ಕೂಡ ಮಾಡಬಹುದು. ನಿಮ್ಮ ಕೈಯಲ್ಲಿರುವ ಫೋಟೋವನ್ನು ಏನು ಮಾಡಬೇಕು ಅನ್ನುವುದನ್ನು ಆ ವಕೀಲರ ಮುಂದೆ ಕೂತೇ ತೀರ್ಮಾನಿಸಿ, ನನ್ನ ಮಾತಿನ ಮೇಲೆ ಅಲ್ಲ.

ಈಗಾಗಲೇ ಯಾರಾದರೂ ಸಹಿ ಹಾಕಿದ್ದರೆ ಕೈಚೆಲ್ಲಬೇಡಿ. ಅಂಗೀಕಾರ ಆಗುವ ಮುಂಚೆ ರಾಜೀನಾಮೆ ವಾಪಸ್ ಪಡೆಯಬಹುದು. ‘ಒತ್ತಾಯದಿಂದ ಸಹಿ ಹಾಕಿಸಿದರು, ವಾಪಸ್ ಪಡೆಯುತ್ತಿದ್ದೇನೆ’ ಅಂತ ಅದೇ ದಿನ ಬರೆದು ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಲಿ.

ಕಂಪನಿ ಶೇರು ಮಾರುಕಟ್ಟೆಯಲ್ಲಿದ್ದರೆ ಅದರೊಳಗೇ ದೂರು ಕೊಡುವ ವ್ಯವಸ್ಥೆ ಇರಲೇಬೇಕು. ಬಟ್ಟೆ ಕೊಳ್ಳುವ ವಿದೇಶಿ ಬ್ರ್ಯಾಂಡ್‌ನವರ ಪೋಸ್ಟರ್ ಕ್ಯಾಂಟೀನ್ ಗೋಡೆಯ ಮೇಲಿದ್ದರೆ ಅದರಲ್ಲೂ ಒಂದು ಫೋನ್ ನಂಬರ್ ಇರಬಹುದು. ಅವರಿಗೆ ಹೇಳುವುದನ್ನು ಕೊನೆಗೆ ಇಟ್ಟುಕೊಳ್ಳಿ. ಬ್ರ್ಯಾಂಡ್‌ನವರು ರಗಳೆ ಬೇಡ ಅಂತ ಉಳಿದ ಆರ್ಡರ್ ಕೂಡ ಎತ್ತಿಕೊಂಡು ಹೋದರೆ ಮಿಕ್ಕ 460 ಜನರ ಗತಿ ಏನು ಅನ್ನುವ ಚಿಂತೆ ನನಗಿದೆ.

ಹೆಣ್ಣುಮಕ್ಕಳು ಎಲ್ಲಿ ಒಟ್ಟಾಗುತ್ತಾರೆ ಅಂತ ನಿಮಗೆ ಅನ್ನಿಸಬಹುದು. 2016ರ ಏಪ್ರಿಲ್ ನೆನಪಿಸಿಕೊಳ್ಳಿ. ಪಿಎಫ್ ಹಣ ಪೂರ್ತಿ ತೆಗೆಯಲು 58 ವರ್ಷ ಆಗಬೇಕು ಅಂತ ಕೇಂದ್ರ ಸರ್ಕಾರ ನಿಯಮ ತಂದಾಗ, ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಬಂದರು. ಯಾವ ದೊಡ್ಡ ನಾಯಕರೂ ಕರೆದಿರಲಿಲ್ಲ. 18ರಂದು ಶುರುವಾಯಿತು, 19ರ ಸಂಜೆಗೆ ಸರ್ಕಾರ ಆದೇಶ ವಾಪಸ್ ತೆಗೆದುಕೊಂಡಿತು. ಕಲ್ಲು ತೂರಾಟ, ಲಾಠಿ ಏಟು ಕೂಡ ಆಯಿತು. ನಿಮ್ಮ ಹುಡುಗಿಯರಿಗೆ ಅದು ಬೇಡ. ಆದರೆ ತಮ್ಮ ದುಡ್ಡಿನ ವಿಷಯ ಅಂತ ಅರ್ಥವಾದರೆ ಅವರು ಹೇಗೆ ಎದ್ದು ನಿಲ್ಲುತ್ತಾರೆ ಅನ್ನುವುದಕ್ಕೆ ಹೇಳಿದೆ.

ಕೆಲಸ ಹೋದರೆ ಅನ್ನುವ ಭಯಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಹೋಗಲೂಬಹುದು. ಆದರೆ ಮೂರು ಲೈನ್ ಮುಚ್ಚುವ ಕಾರ್ಖಾನೆಯಲ್ಲಿ ಎಚ್‌ಆರ್ ಅಸಿಸ್ಟೆಂಟ್ ಎಷ್ಟು ದಿನ ಬೇಕಾಗುತ್ತಾರೆ? ನಿಮ್ಮ ಹೆಸರಿನ ಪತ್ರವನ್ನೂ ಯಾರೋ ಒಬ್ಬರು ಟೈಪ್ ಮಾಡುವ ದಿನ ಬರಬಹುದು. ಈ ವಾರವೇ ನಿಮ್ಮ ಯಜಮಾನರ ಜೊತೆ ಕೂತು, ಆರು ತಿಂಗಳ ಕಂತು, ಮನೆ ಖರ್ಚು ಎಷ್ಟಾಗುತ್ತದೆ ಅಂತ ಬರೆದು ನೋಡಿ. ಸಾಲ ಕೊಟ್ಟವರ ಹತ್ತಿರ ಕಂತು ಮುಂದೂಡುವ ಬಗ್ಗೆ ಈಗಲೇ ಮಾತಾಡಿ. ಬೇರೆ ಕಡೆ ಕೆಲಸಕ್ಕೆ ಅರ್ಜಿ ಹಾಕಲು ಶುರು ಮಾಡಿ.

ನಾಳೆ ಸಂಜೆ ನಿಮ್ಮ ತಂಗಿ ಸೀಟು ಹಿಡಿದು ಕರೆದರೆ ಹಿಂದೆ ಹೋಗಬೇಡಿ. ಪಕ್ಕ ಕೂತ್ಕೊಳ್ಳಿ. ಪಟ್ಟಿ, ಫೋಟೋ ಅಂತ ಬಸ್ಸಿನಲ್ಲಿ ಏನೂ ಮಾತಾಡಬೇಡಿ. ಊರಲ್ಲಿ ಇಳಿದು ಮನೆ ಕಡೆ ನಡೆಯುವಾಗ, ‘ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡ, ತಾರೀಖು ಖಾಲಿ ಇರೋದಕ್ಕಂತೂ ಬೇಡವೇ ಬೇಡ, ನಿನ್ನ ಜೊತೆಯವರಿಗೂ ಹೇಳು’ ಅನ್ನಿ. ಆಮೇಲೆ ಅವಳ ಮೊಬೈಲ್ ತೆಗೆಸಿ, ಪಿಎಫ್ ಪಾಸ್‌ಬುಕ್ ಹೇಗೆ ನೋಡುವುದು ಅಂತ ತೋರಿಸಿಕೊಡಿ.

ಪ್ರಾಧಿಕಾರದ ವಕೀಲರು ಏನು ಹೇಳಿದರು ಅಂತ ನನಗೆ ಬರೆಯಿರಿ. ಕಾಯುತ್ತಿರುತ್ತೇನೆ.

— ನಿಮ್ಮ ಅಕ್ಕ