ಕರೆ ಬಂದಿದೆ, ರಾಜೀನಾಮೆ ಕೊಡಲೇ?

ಪ್ರಶ್ನೆ: ನನಗೆ 27 ವರ್ಷ. ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಯುವಜನರ ಕೂಟವೊಂದರಲ್ಲಿ ಪೂರ್ಣಾವಧಿ ಸೇವೆಗೆ ದೇವರ ಕರೆ ಸ್ಪಷ್ಟವಾಯಿತು. ನನ್ನ ಮನಸ್ಸೆಲ್ಲ ರೋಗಿಗಳು, ಅನಾಥರು, ದಿಕ್ಕಿಲ್ಲದ ಮುದುಕರ ಕಡೆ. ಸಭಾಪಾಲಕರು ಮಾತ್ರ ‘ಮೊದಲು ಸೆಮಿನರಿಗೆ ಹೋಗು’ ಅನ್ನುತ್ತಾರೆ, ಅಂದರೆ ಪಾದ್ರಿಗಳನ್ನು ತಯಾರು ಮಾಡುವ ಕಾಲೇಜಿಗೆ. ಹಸಿದವನಿಗೆ ಬಡಿಸಲು ಬೈಬಲಿನ ಮೂಲಭಾಷೆಗಳಾದ ಗ್ರೀಕ್, ಹೀಬ್ರೂ ಯಾಕೆ ಬೇಕು? ಮುಂದಿನ ತಿಂಗಳೇ ರಾಜೀನಾಮೆ ಕೊಟ್ಟು ಕೆಲಸಕ್ಕೆ ಇಳಿದರೆ ತಪ್ಪೇ?

ಉತ್ತರ: ರಾಜೀನಾಮೆ ಪತ್ರ ಬರೆದಾಗಿದ್ದರೆ ಡ್ರಾಯರಿನಲ್ಲೇ ಇರಲಿ. ಕರೆ ನಿಜವಾದದ್ದಾದರೆ ಒಂದು ವರ್ಷದಲ್ಲಿ ಹಳಸಿಹೋಗುವುದಿಲ್ಲ. ಕೂಟದ ಕೊನೆಯ ರಾತ್ರಿ ಹಾಡಿನ ಭರದಲ್ಲಿ ಕೈಯೆತ್ತಿದವರನ್ನು ಬಹಳ ನೋಡಿದ್ದೇನೆ. ಸೋಮವಾರ ಬೆಳಗ್ಗೆಯೂ ಕೈ ಇಳಿಸದೆ ಇದ್ದವರು ಕಡಿಮೆ.

ಬಡಿಸುವ ಕೆಲಸಕ್ಕೆ ತರಬೇತಿ ಯಾಕೆ ಎಂದಿರಿ. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ತೆಗೆಯಿರಿ. ದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರು ಬಿಟ್ಟುಹೋಗುತ್ತಿದ್ದಾರೆ ಎಂದು ಗೊಣಗಾಟ ಎದ್ದಿತ್ತು. ಆಗ ಅಪೊಸ್ತಲರು ಬಿಡುವಾಗಿದ್ದ ಏಳು ಜನರನ್ನು ಕರೆದು ಸೌಟು ಕೈಗಿಡಲಿಲ್ಲ. ಒಳ್ಳೆಯ ಹೆಸರಿರಬೇಕು, ಪವಿತ್ರಾತ್ಮ ತುಂಬಿರಬೇಕು, ಜ್ಞಾನವೂ ಇರಬೇಕು ಎಂದು ಷರತ್ತು ಹಾಕಿದರು. ಆರಿಸಿ ಬಂದ ಏಳೂ ಹೆಸರುಗಳು ಗ್ರೀಕ್ ಹೆಸರುಗಳೇ. ದೂರು ಹೇಳಿದವರ ಮಾತು ಬಲ್ಲವರಿಗೇ ಉಸ್ತುವಾರಿ ಸಿಕ್ಕಿತು ಎಂದು ನಾನು ಓದಿಕೊಳ್ಳುತ್ತೇನೆ. ಪ್ರಸಂಗ ಮಾಡಲು ಬಾರದವರಿಗೆ ಬಡವರ ಸೇವೆ ಎಂಬ ಲೆಕ್ಕ ನಮ್ಮ ಸಭೆಗಳಲ್ಲಿದೆಯಲ್ಲ, ಅದು ಆ ಅಧ್ಯಾಯದಲ್ಲಿ ಇಲ್ಲ. ಆ ಏಳರಲ್ಲಿ ಒಬ್ಬ ಸ್ತೆಫನ. ಮುಂದಿನ ಅಧ್ಯಾಯದಲ್ಲಿ ಅವನ ಪ್ರಸಂಗ ಎಷ್ಟು ಉದ್ದವಿದೆ ನೋಡಿ.

ಮದರ್ ತೆರೇಸಾ 1928ರಲ್ಲಿ ಲೊರೆಟೊ ಸಿಸ್ಟರುಗಳ ಸಂಸ್ಥೆ ಸೇರಿದವರು. ವರ್ಷಗಟ್ಟಲೆ ಪಾಠ ಹೇಳಿದವರು. 1948ರಲ್ಲಿ ಕಾನ್ವೆಂಟಿನಿಂದ ಹೊರಬಂದಾಗ ನೆಟ್ಟಗೆ ಕೊಳೆಗೇರಿಗೆ ಹೋಗಲಿಲ್ಲ. ಮೊದಲು ಪಾಟ್ನಾದ ಆಸ್ಪತ್ರೆಯೊಂದಕ್ಕೆ ಹೋಗಿ, ಅಲ್ಲಿನ ಸಿಸ್ಟರುಗಳ ಕೈಕೆಳಗೆ ಶುಶ್ರೂಷೆಯ ಮೊದಲ ಪಾಠ ಕಲಿತರು. ಅಷ್ಟು ವರ್ಷದ ಪ್ರಾರ್ಥನೆಯ ಜೀವನದಿಂದ ಗಾಯಕ್ಕೆ ಪಟ್ಟಿ ಕಟ್ಟುವುದು ತಾನಾಗಿ ಬಂದುಬಿಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಇನ್ನು ಗ್ರೀಕ್, ಹೀಬ್ರೂ. ವ್ಯಾಕರಣದಲ್ಲಿ ನೀವು ಪಾಸಾದರೆ ಸಾಕು, ನಾನೇನೂ ಬಲವಂತ ಮಾಡುವುದಿಲ್ಲ. ಆದರೆ ಥಿಯಾಲಜಿ, ಅಂದರೆ ದೇವಶಾಸ್ತ್ರ, ಬೇಡವೇ ಬೇಡ ಎಂದರೆ ಒಪ್ಪಲಾರೆ. ಮಗು ತೀರಿಕೊಂಡ ತಾಯಿ ನಿಮ್ಮ ಮುಖ ನೋಡಿ ‘ನನ್ನ ಯಾವ ಪಾಪಕ್ಕೆ ಇದು?’ ಎಂದು ಕೇಳುತ್ತಾಳೆ. ಯೋಬನ ಪುಸ್ತಕವನ್ನು ಕೊನೆಯವರೆಗೆ, ಒಬ್ಬ ಒಳ್ಳೆಯ ಗುರುವಿನ ಜೊತೆ ಓದಿರದಿದ್ದರೆ ಆಗ ನಿಮ್ಮ ಬಾಯಲ್ಲಿ ‘ನೀನು ಪಾಪ ಮಾಡಿದ್ದಕ್ಕೇ ಈ ಕಷ್ಟ’ ಎಂಬ ಯೋಬನ ಗೆಳೆಯರ ಉತ್ತರವೇ ಬರುತ್ತದೆ. ಆ ಗೆಳೆಯರು ಏಳು ದಿನ ಅವನ ಪಕ್ಕದಲ್ಲಿ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅಲ್ಲಿಯವರೆಗೆ ಸರಿಯಾಗಿಯೇ ಇದ್ದರು. ಬಾಯಿ ತೆರೆದ ಮೇಲೆ ಕೆಟ್ಟದ್ದು.

ನಾನು ವಿದ್ಯಾರ್ಥಿಗಳನ್ನು ವಾರ್ಡುಗಳಿಗೆ ಕರೆದುಕೊಂಡು ಹೋಗಿ ಕಲಿಸಿದವಳು, ಹಾಗಾಗಿ ನನ್ನ ಪಕ್ಷಪಾತ ಹೇಳಿಬಿಡುತ್ತೇನೆ. ತರಗತಿಯ ಪಾಠದಷ್ಟೇ ತೂಕ ಹಾಸಿಗೆಯ ಪಕ್ಕದ ಪಾಠಕ್ಕೂ ಇರುವ ಕಡೆ ಸೇರಿ. ಈ ಪದ್ಧತಿಗೆ ದೊಡ್ಡ ಆರಂಭ ಕೊಟ್ಟವರಲ್ಲಿ ಒಬ್ಬರು ಆಂಟನ್ ಬಾಯ್ಸನ್ ಎಂಬ ಪಾದ್ರಿ. 1920ರಲ್ಲಿ ಮನಸ್ಸಿನ ಕಾಯಿಲೆಯಿಂದ ತಾವೇ ಆಸ್ಪತ್ರೆ ಸೇರಿದ್ದವರು. ಗುಣವಾದ ಮೇಲೆ ಅಮೆರಿಕದ ವೂಸ್ಟರ್ ಮಾನಸಿಕ ಆಸ್ಪತ್ರೆಯ ಚಾಪ್ಲಿನ್, ಅಂದರೆ ರೋಗಿಗಳನ್ನು ನೋಡಿಕೊಳ್ಳುವ ಪಾದ್ರಿ, ಆದರು. 1925ರ ಬೇಸಿಗೆಯಲ್ಲಿ ಥಿಯಾಲಜಿ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆಸಿ ವಾರ್ಡಿನ ಕೆಲಸಕ್ಕೆ ಹಚ್ಚಿದರು. ಪುಸ್ತಕ ಓದಿದ ಹಾಗೆ ಮನುಷ್ಯರನ್ನೂ ಓದಲು ಕಲಿಯಿರಿ ಎಂಬುದು ಅವರ ಹಟ. ಇವತ್ತು ಅದಕ್ಕೆ ಕ್ಲಿನಿಕಲ್ ಪಾಸ್ಟೋರಲ್ ಎಜುಕೇಶನ್ ಎಂಬ ಹೆಸರಿದೆ. ಸಾಮಾನ್ಯವಾಗಿ ಒಂದು ಯೂನಿಟ್ ಎಂದರೆ 400 ಗಂಟೆ, ಅದರ ಬಹುಪಾಲು ರೋಗಿಗಳ ನಡುವೆಯೇ.

ಅಲ್ಲಿ ‘ವರ್ಬೇಟಿಮ್’ ಎಂಬ ಒಂದು ಶಿಕ್ಷೆ ಉಂಟು. ರೋಗಿಯ ಜೊತೆ ಆಡಿದ ಮಾತನ್ನು ನೆನಪಿನಿಂದ ಸಾಲು ಸಾಲಾಗಿ ಬರೆದು, ರೋಗಿಯ ಹೆಸರು ತೆಗೆದು, ಗುಂಪಿನ ಎದುರು ಓದಬೇಕು. ಒಬ್ಬ ಹುಡುಗ ತಂದದ್ದು ಹೀಗಿತ್ತು:

ರೋಗಿ: ರಾತ್ರಿಯೆಲ್ಲ ಕಣ್ಣಿಗೆ ಕಣ್ಣು ಹತ್ತಿಲ್ಲ.
ವಿದ್ಯಾರ್ಥಿ: ಚಿಂತೆಯನ್ನೆಲ್ಲ ದೇವರ ಮೇಲೆ ಹಾಕಿ. ಪ್ರಾರ್ಥನೆ ಮಾಡೋಣವೇ?
ರೋಗಿ: ಹ್ಞೂಂ, ಮಾಡಿ.

ಪ್ರಾರ್ಥನೆ ಚೆನ್ನಾಗಿಯೇ ಇತ್ತು, ಅರ್ಧ ಪುಟ. ಗುಂಪಿನಲ್ಲಿ ಒಬ್ಬಳು ಕೇಳಿದಳು: ‘ಅವರಿಗೆ ನಿದ್ದೆ ಯಾಕೆ ಬರಲಿಲ್ಲ?’ ಹುಡುಗನಿಗೆ ಗೊತ್ತಿರಲಿಲ್ಲ. ಮಾರನೆಯ ದಿನ ಹೋಗಿ ಕೇಳಿಕೊಂಡು ಬಂದ. ಪಕ್ಕದ ಹಾಸಿಗೆಯವರು ನಡುರಾತ್ರಿ ತೀರಿಕೊಂಡಿದ್ದರು. ನಡುವೆ ಒಂದು ಪರದೆ ಎಳೆದು, ಬೆಳಗಾಗುವವರೆಗೆ ಹಾಗೇ ಬಿಟ್ಟಿದ್ದರು. ಅದರ ಈಚೆ ಇವರು ಎಚ್ಚರವಾಗಿ ಮಲಗಿದ್ದರು. ಆ ಹುಡುಗ ಒಳ್ಳೆಯವನು, ಭಕ್ತಿಯುಳ್ಳವನು. ಯಾರೂ ತಿದ್ದದೇ ಹೋಗಿದ್ದರೆ ಹತ್ತು ವರ್ಷ ಹಾಗೆಯೇ ಅರ್ಧ ಪುಟ ಪ್ರಾರ್ಥನೆ ಮಾಡಿಕೊಂಡು ಇರುತ್ತಿದ್ದ, ರೋಗಿಗಳೂ ‘ಹ್ಞೂಂ’ ಅನ್ನುತ್ತಲೇ ಇರುತ್ತಿದ್ದರು.

ಸದ್ಯಕ್ಕೆ ಹೀಗೆ ಮಾಡಿ. ಕೆಲಸ ಬಿಡದೆ, ವಾರಕ್ಕೆ ಒಂದು ದಿನ ಮುದುಕರ ಆಶ್ರಮಕ್ಕೋ ಆಸ್ಪತ್ರೆಗೋ ಹೋಗಿ, ಅಲ್ಲಿಯ ಮೇಲ್ವಿಚಾರಕರು ಹೇಳಿದ ಕೆಲಸ ಮಾಡಿ. ನಿಮಗೆ ಇಷ್ಟವಾದ ಕೆಲಸವಲ್ಲ, ಅವರು ಹೇಳಿದ್ದು. ಯೇಸುಸಭೆ ಎಂಬ ಕ್ಯಾಥೊಲಿಕ್ ಸಂನ್ಯಾಸಿ ಸಂಘದವರು (ಜೆಸ್ವಿಟರು) 16ನೇ ಶತಮಾನದಿಂದ ಹೊಸಬರನ್ನು ಒಂದು ತಿಂಗಳು ಆಸ್ಪತ್ರೆಯ ಸೇವೆಗೆ ಕಳುಹಿಸಿ ಪರೀಕ್ಷಿಸಿದ್ದು ಸುಮ್ಮನೆ ಅಲ್ಲ. ವರ್ಷ ಕಳೆದ ಮೇಲೂ ಮನಸ್ಸು ಅಲ್ಲೇ ಇದ್ದರೆ ಅರ್ಜಿ ಹಾಕಿ. ಅರ್ಜಿ ಹಾಕುವ ಮೊದಲು ಕ್ಷೇತ್ರ ತರಬೇತಿ ಎಷ್ಟು, ಅದನ್ನು ನೋಡಿಕೊಳ್ಳುವವರು ಯಾರು, ಓದು ಮುಗಿದ ಮೇಲೆ ನಿಮ್ಮ ಸಭೆ ಆ ಪದವಿಯನ್ನು ಒಪ್ಪುತ್ತದೆಯೇ, ಕೇಳಿ.

ಮತ್ತೆ, ಲೆಕ್ಕಪತ್ರ ಬಲ್ಲವರು ಎಂದಿರಿ. ಅದನ್ನು ಹಳೆಯ ಜೀವನ ಎಂದು ಎಸೆಯಬೇಡಿ. ಯೆರೂಸಲೇಮಿನ ಬಡವರಿಗೆ ಕೂಡಿಸಿದ ಹಣ ಸಾಗಿಸುವಾಗ ಯಾರೂ ಬೆರಳು ತೋರಿಸದಿರಲಿ ಎಂದು ಪೌಲ ಸಭೆಗಳು ನೇಮಿಸಿದವರನ್ನು ಜೊತೆಗಿಟ್ಟುಕೊಂಡ. 2 ಕೊರಿಂಥ 8ರಲ್ಲಿದೆ. ಒಳ್ಳೆಯ ಮನಸ್ಸಿನ ಎಷ್ಟೋ ಅನಾಥಾಶ್ರಮಗಳು ಮುಗ್ಗರಿಸುವುದು ಪ್ರಾರ್ಥನೆಯಲ್ಲಿ ಅಲ್ಲ, ರಸೀದಿಯಲ್ಲಿ.

ಪ್ರಶ್ನೆ: ನಾನು ನರ್ಸ್, ವಯಸ್ಸು 41. ನಮ್ಮ ಸಭೆಯಲ್ಲಿ ಹೆಂಗಸರಿಗೆ ಪಾದ್ರಿ ದೀಕ್ಷೆ ಇಲ್ಲ. ಪೂರ್ಣಾವಧಿ ಸೇವೆಯ ಆಸೆ ಬಿಟ್ಟುಬಿಡಲೇ?

ಉತ್ತರ: ಯಾಕೆ ಬಿಡುತ್ತೀರಿ? ದೀಕ್ಷೆಯ ವಾದ ನಡೆಯಲಿ, ನಾನೂ ನಿಮ್ಮ ಕಡೆಯೇ ಇದ್ದೇನೆ. ಆದರೆ ಅದು ಮುಗಿಯುವವರೆಗೆ ಕಾಯಬೇಡಿ. 1836ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಥಿಯೋಡರ್ ಫ್ಲೀಡ್ನರ್ ಮತ್ತು ಹೆಂಡತಿ ಫ್ರೆಡರಿಕೆ ಡೀಕನೆಸ್‌ಗಳ, ಅಂದರೆ ಸಭೆಯ ಸೇವಕಿಯರ, ತರಬೇತಿ ಆರಂಭಿಸಿದಾಗ ಅಲ್ಲಿ ಹೆಂಗಸರಿಗೆ ಕಲಿಸಿದ್ದು ಬೈಬಲ್ ಜೊತೆಗೆ ಶುಶ್ರೂಷೆ. ಫ್ಲಾರೆನ್ಸ್ ನೈಟಿಂಗೇಲ್ ಕೂಡ 1851ರಲ್ಲಿ ಅಲ್ಲಿ ಹೋಗಿ ಕಲಿತವರು. ಅಲ್ಲಿಯ ಹೆಂಗಸರು ಹೊಸದಾಗಿ ಕಲಿಯಬೇಕಾಗಿದ್ದ ಅರ್ಧ ಭಾಗ ನಿಮ್ಮ ಕೈಯಲ್ಲಿ ಈಗಲೇ ಇದೆ. ಚಾಪ್ಲಿನ್ ತರಬೇತಿ ಕೊಡುವ ಕಡೆ ವಿಚಾರಿಸಿ. ವಯಸ್ಸಿನ ಮಾತು ಬಿಡಿ, ಸಾವಿನ ಹತ್ತಿರ ಕೂತು ಅಭ್ಯಾಸವಿದ್ದವರು ಅಲ್ಲಿಗೆ ಬೇಕು.

ಪ್ರಶ್ನೆ: ಬೈಬಲ್ ಕಾಲೇಜಿನಲ್ಲಿ ಓದುತ್ತಿದ್ದೇನೆ. ಕಂಬಳಿ ಹಂಚುವ ಮೊದಲು ಬಂದವರೆಲ್ಲ ಪ್ರಸಂಗ ಕೇಳಲೇಬೇಕು, ಕೇಳಿದವರ ಹೆಸರು ಮತ್ತು ಫೋಟೊ ತೆಗೆಯಬೇಕು ಎಂದು ನಮ್ಮ ತಂಡದ ಹಿರಿಯರು ಹೇಳುತ್ತಾರೆ. ಮನಸ್ಸು ಒಪ್ಪುತ್ತಿಲ್ಲ.

ಉತ್ತರ: ಒಪ್ಪದಿರುವುದೇ ಸರಿ. ಚಳಿಯಲ್ಲಿ ನಡುಗುವವನು ಪ್ರಸಂಗಕ್ಕೆ ಕೂತರೆ ಅವನು ಕೇಳುತ್ತಿರುವುದು ಕಂಬಳಿಯ ಸರದಿಯನ್ನು. ವಿಪತ್ತಿನ ನೆರವಿಗೆಂದು ರೆಡ್ ಕ್ರಾಸ್ ಮತ್ತು ಸ್ವಯಂಸೇವಾ ಸಂಸ್ಥೆಗಳು 1994ರಲ್ಲಿ ಒಂದು ನೀತಿಸಂಹಿತೆ ಮಾಡಿಕೊಂಡವು. ನೆರವನ್ನು ಯಾವುದೇ ರಾಜಕೀಯ ಅಥವಾ ಧಾರ್ಮಿಕ ನಿಲುವು ಬೆಳೆಸಲು ಬಳಸುವುದಿಲ್ಲ ಎಂಬುದು ಅದರ ಮೂರನೇ ಅಂಶ. ಅದರ ಹಿಂದೆ ನಿಂತವರಲ್ಲಿ ಕ್ಯಾಥೊಲಿಕ್ ನೆರವು ಸಂಸ್ಥೆ ಕಾರಿತಾಸ್, ಲೂಥರನ್ ವಿಶ್ವ ಒಕ್ಕೂಟ, ಜಾಗತಿಕ ಚರ್ಚುಗಳ ಮಂಡಳಿ ಇದ್ದವು, ಅಂದರೆ ನಮ್ಮವರೇ. ಹಿರಿಯರಿಗೆ ಇದನ್ನು ತೋರಿಸಿ. ಫೋಟೊ ವಿಷಯಕ್ಕೆ ಮತ್ತಾಯ 6ರ ಮೊದಲ ನಾಲ್ಕು ವಚನ ಸಾಕು. ಆದರೂ ಪಟ್ಟು ಬಿಡದಿದ್ದರೆ ಕಂಬಳಿ ಹೊರುವ ಕೆಲಸ ಕೇಳಿ ಪಡೆಯಿರಿ, ಪಟ್ಟಿ ಬರೆಯಲು ಒಪ್ಪಬೇಡಿ.

ಪ್ರಶ್ನೆ: ಸೆಮಿನರಿ ಅರ್ಜಿಯಲ್ಲಿ ‘ನಿಮ್ಮ ಕರೆಯ ಬಗ್ಗೆ ಬರೆಯಿರಿ’ ಎಂದಿದೆ. ಎಷ್ಟು ಪುಟ ಬರೆಯಲಿ?

ಉತ್ತರ: ಒಂದು. ಕನಸು, ದರ್ಶನಗಳಿಗೆ ನಾಲ್ಕು ಸಾಲು ಸಾಕು. ಉಳಿದ ಜಾಗದಲ್ಲಿ ಈವರೆಗೆ ಯಾರಿಗೆ, ಏನು, ಎಷ್ಟು ಕಾಲ ಮಾಡಿದ್ದೀರಿ ಬರೆಯಿರಿ. ಶಿಫಾರಸು ಪತ್ರವನ್ನು ನಿಮ್ಮನ್ನು ಹೊಗಳುವವರಿಂದ ಕೇಳಬೇಡಿ. ನಿಮ್ಮ ಜೊತೆ ಜಗಳವಾಡಿ ಮತ್ತೆ ರಾಜಿಯಾದವರಿದ್ದರೆ ಅವರಿಂದ ಕೇಳಿ.